ಎಲ್ಲರ ಕೈ ತಾಗಿದ ಎಂಜಿನ್

2022ರ ಮಾರ್ಚ್‌ನಲ್ಲಿ ನಾನು ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಒಂದು ಸಣ್ಣ ವರ್ಕ್‌ಶಾಪಿನ ಸಲಹಾ ಎಂಜಿನಿಯರ್ ಆಗಿದ್ದೆ. ಅದಕ್ಕೂ ಮೊದಲು ಹ್ಯೂಸ್ಟನ್‌ನಲ್ಲಿ ಲಾರಿ ಎಂಜಿನ್ ತಯಾರಿಸುವ ಕಂಪನಿಯೊಂದರಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು ನಿವೃತ್ತಳಾಗಿದ್ದೆ. ಎಂಜಿನ್ನನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ರಬ್ಬರು-ಕಬ್ಬಿಣದ ಜೋಡಣೆಗೆ ಮೌಂಟ್ ಎನ್ನುತ್ತಾರೆ. ನನ್ನ ವೃತ್ತಿಜೀವನವೆಲ್ಲ ಆ ಮೌಂಟ್‌ಗಳ ಜೊತೆಗೇ ಕಳೆಯಿತು. ಕ್ಯಾರಲ್ಟನ್‌ನಲ್ಲಿ ಮಾತ್ರ ಕೆಲಸ ಬೇರೆ. ಮನೆಯ ಗ್ಯಾರೇಜಿನಲ್ಲಿ ತಾವೇ ಕಾರು ಕಟ್ಟುವ ಹುಚ್ಚು ಟೆಕ್ಸಸ್‌ನಲ್ಲಿ ಬಹಳ ಜನಕ್ಕಿದೆ. ಅವರಿಗೆ ಸಲಹೆ ಕೊಡುವುದು, ಕಟ್ಟಿದ್ದು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವುದು. ಬಂದವರಲ್ಲಿ ಅರ್ಧ ಜನಕ್ಕೆ ‘ಆಗುವುದಿಲ್ಲ’ ಎಂದು ಹೇಳಬೇಕಾಗುತ್ತಿತ್ತು. ಅದನ್ನು ನಾನು ಬಹಳ ಚೆನ್ನಾಗಿ ಹೇಳುತ್ತಿದ್ದೆ.

ಮಹಾಂತೇಶ ಅವರಿಗೂ ಹಾಗೆಯೇ ಹೇಳಿದೆ. ಅರವತ್ತೊಂದು ವರ್ಷದವರು, ಹುಬ್ಬಳ್ಳಿಯವರು, ಲಾಸ್ ಕೊಲಿನಾಸ್‌ನ ಕಚೇರಿಗಳಲ್ಲಿ ಸಾಫ್ಟ್‌ವೇರ್ ಕಾಂಟ್ರ್ಯಾಕ್ಟರ್. ಅವರೊಂದು ಕಿಟ್ ಕಾರು ತರಿಸಿದ್ದರು. ಕಿಟ್ ಕಾರು ಎಂದರೆ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುವ ಎರಡು ಸೀಟಿನ ಗಾಡಿ. ಕಬ್ಬಿಣದ ಕೊಳವೆಗಳ ಚೌಕಟ್ಟು, ಫೈಬರ್ ಗ್ಲಾಸ್ ಮೈ. ಎಂಜಿನ್ ಮಾತ್ರ ನಾವೇ ಹುಡುಕಿಕೊಳ್ಳಬೇಕು. ಸುಮಾರು ನೂರ ಮೂವತ್ತು ಕಿಲೋ ತೂಗುವ ಪೆಟ್ರೋಲ್ ಎಂಜಿನ್ ಕೂಡಿಸಲೆಂದೇ ಆ ಚೌಕಟ್ಟು ಮಾಡಿದ್ದು. ಈ ಮಹಾರಾಯರು ಹ್ಯೂಸ್ಟನ್‌ನ ಗುಜರಿಯಿಂದ ಹಳೆಯ ವ್ಯಾನೊಂದರ ಡೀಸೆಲ್ ಎಂಜಿನ್ ಹೊತ್ತು ತಂದಿದ್ದರು. ಕಂಪ್ಯೂಟರ್ ಗಿಂಪ್ಯೂಟರ್ ಇಲ್ಲದ ಕಾಲದ್ದು, ತೂಕ ಇನ್ನೂರ ಮೂವತ್ತು ಕಿಲೋ.

“ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಸಾರ್. ಪೆಟ್ರೋಲ್ ಎಂಜಿನ್ನೇ ಹಾಕಿಸಿ,” ಎಂದೆ.

“ಪೆಟ್ರೋಲ್ ಎಂಜಿನ್ ಬರೇ ಉಸಿರಾಡತೈತ್ರಿ ಮೇಡಂ. ಡೀಸೆಲ್ ಮಾತಾಡತೈತಿ,” ಎಂದರು. ಅವರ ತಂದೆ ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದರಂತೆ. ಇವರು ಹುಟ್ಟಿ ಬೆಳೆದದ್ದು ಡಿಪೋ ಕ್ವಾರ್ಟರ್ಸ್‌ನಲ್ಲಿ. ಮೆಕ್ಯಾನಿಕಲ್ ಓದಬೇಕೆಂದಿದ್ದವರು ಕಂಪ್ಯೂಟರ್ ಓದಿ ಇಲ್ಲಿಗೆ ಬಂದರು. ಬದುಕಿನಲ್ಲಿ ಒಂದಾದರೂ ಎಂಜಿನ್ ಕೈಯಾರೆ ಕೂಡಿಸಿ ಓಡಿಸಬೇಕೆಂಬ ಆಸೆ.

ಇಂಥ ಆಸೆಗಳನ್ನು ನಾನು ವಾರಕ್ಕೆ ಎರಡು ಕೇಳುತ್ತಿದ್ದೆ. ಅವರನ್ನು ಕಳಿಸಿಬಿಡಲು ಎದ್ದು ನಿಂತಿದ್ದೆ ಕೂಡ. ಆಗ ಅವರು ಮೇಜಿನ ಮೇಲಿದ್ದ ಕಾಫಿ ಲೋಟಕ್ಕೆ ಕೈ ಹಾಕಿದರು. ಲೋಟ ತುಟಿಗೆ ಮುಟ್ಟುವ ಮೊದಲೇ ಅರ್ಧ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಜೊತೆಗೆ ಬಂದಿದ್ದ ಹೆಂಡತಿ ಸುಮಂಗಲಾ ಏನೂ ಆಗದವರಂತೆ ಚೀಲದಿಂದ ಕರವಸ್ತ್ರ ತೆಗೆದು ಒರೆಸಿದರು.

“ಪಾರ್ಕಿನ್ಸನ್ಸ್ ಐತ್ರಿ,” ಎಂದರು ಸುಮಂಗಲಾ. “ನವೆಂಬರ್‌ದಾಗ ಹ್ಯೂಸ್ಟನ್ ಡಾಕ್ಟರ್ ಮತ್ತ ನೋಡ್ತಾರ. ಆವಾಗ ಡ್ರೈವಿಂಗ್ ಬಂದ್ ಮಾಡಸ್ತೀನಿ ಅಂತ ಮೊದಲ ಹೇಳಿಬಿಟ್ಟಾರ. ಅಷ್ಟರಾಗ ಒಮ್ಮೆ ಆಸ್ಟಿನ್‌ಗೆ ಮಗಳ ಮನಿತನಕ ಇದನ್ನ ಹೊಡಕೊಂಡು ಹೋಗಬೇಕಂತ ಇವರ ಹಟ.”

ನಾನು ಮತ್ತೆ ಕೂತೆ. ಎಂಜಿನಿಯರ್ ಆಗಿ ತೆಗೆದುಕೊಂಡ ತೀರ್ಮಾನವಲ್ಲ ಅದು. ಕನಿಕರ ಬಂತು, ಒಪ್ಪಿಕೊಂಡೆ.

ಅವರ ಮನೆಯ ಗ್ಯಾರೇಜಿನಲ್ಲೇ ಕೆಲಸ ಶುರುವಾಯಿತು. ಎಂಜಿನ್ನನ್ನು ಮೊದಲ ಸಲ ಚೌಕಟ್ಟಿನೊಳಗೆ ಇಳಿಸಿದಾಗ ಅದರ ತಳದಲ್ಲಿರುವ ಎಣ್ಣೆ ತೊಟ್ಟಿ, ಅಂದರೆ ಸಂಪ್, ಅಡ್ಡಪಟ್ಟಿಗೆ ತಾಗಿತು. ಎತ್ತರಿಸಿದೆವು, ಬಾನೆಟ್ ಮುಚ್ಚಲಿಲ್ಲ. ಹಿಂದಕ್ಕೆ ಸರಿಸಿದೆವು, ಸ್ಟಿಯರಿಂಗ್ ಕಂಬ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊಗೆ ಅಡ್ಡ ಬಂತು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಸಂಪನ್ನೇ ಕತ್ತರಿಸಿ ಗಿಡ್ಡ ಮಾಡಿ ಅಗಲಿಸಿದೆ. ಮುಂದಿನ ಸ್ಪ್ರಿಂಗ್‌ಗಳನ್ನು ಬದಲಿಸಿದೆ. ಡೀಸೆಲ್ಲಿನ ಕುಲುಕಾಟ ಆ ತೆಳು ಚೌಕಟ್ಟನ್ನು ಸೀಳಬಾರದೆಂದು ಮೌಂಟ್‌ಗಳನ್ನು ಮೂರು ಸಲ ಮಾಡಿದೆ. ಅದರಲ್ಲಿ ನಾನು ಪಳಗಿದವಳು ಎಂದುಕೊಂಡಿದ್ದೆ. ಆ ಬೇಸಿಗೆ ನನ್ನ ಜಂಬ ಒಂದಿಷ್ಟು ಇಳಿಯಿತು.

ಬೋಲ್ಟುಗಳನ್ನೆಲ್ಲ ಮಹಾಂತೇಶ ಅವರೇ ಹಾಕಬೇಕು. ನಾನು ಮುಟ್ಟುವಂತಿಲ್ಲ. ಒಂದು ಬೋಲ್ಟಿನ ಮೂತಿ ತೂತಿಗೆ ಕೂಡಲು ಕೆಲವೊಮ್ಮೆ ಕಾಲು ಗಂಟೆ ಹಿಡಿಯುತ್ತಿತ್ತು. ಸೊಟ್ಟ ಕೂತು ಥ್ರೆಡ್ ಕೆಟ್ಟರೆ ತೆಗೆದು, ಥ್ರೆಡ್ ಸರಿಮಾಡಿ, ಮತ್ತೆ ಮೊದಲಿನಿಂದ. ಟೆಕ್ಸಸ್ಸಿನ ಆಗಸ್ಟ್ ತಿಂಗಳಲ್ಲಿ ಗ್ಯಾರೇಜ್ ಎಂದರೆ ಒಲೆಯೇ. ಸುಮಂಗಲಾ ಟಾರ್ಚ್ ಹಿಡಿದು ನಿಂತಿರುತ್ತಿದ್ದರು. ಒಂದು ದಿನ ನನಗೆ ತಡೆಯಲಾಗದೆ, “ಕೊಡಿ ಸಾರ್, ಎರಡು ನಿಮಿಷದ ಕೆಲಸ,” ಎಂದುಬಿಟ್ಟೆ.

“ಎರಡು ನಿಮಿಷದ್ದು ಅಂತ ನನಗೂ ಗೊತ್ತೈತ್ರಿ,” ಎಂದರು. ಮುಖ ಎತ್ತಲಿಲ್ಲ.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಎಂಜಿನ್ ಕೂತಿತು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬರುವುದೊಂದು ಬಾಕಿ. ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿದ್ದಂತೆಯೇ ಆಯುಧಪೂಜೆಯ ದಿನ ಮೊದಲ ಸಲ ಸ್ಟಾರ್ಟ್ ಮಾಡೋಣವೆಂದರು ಮಹಾಂತೇಶ. ಮುನ್ನಾದಿನ ನಾನೇ ಎಣ್ಣೆ ತುಂಬಿ, ಅಳತೆ ಕಡ್ಡಿಯಲ್ಲಿ ಮೇಲಿನ ಗೆರೆಗೆ ಸರಿಯಾಗಿ ನಿಲ್ಲಿಸಿದೆ. “ಎಲ್ಲಾ ರೆಡಿ ಇದೆ. ನಾನು ಬಂದ ಮೇಲೆ ಶುರು ಮಾಡೋಣ,” ಎಂದು ಹೇಳಿ ಪ್ಲೇನೋದ ನನ್ನ ಮನೆಗೆ ಬಂದೆ.

ಮರುದಿನ ಫ್ರೀವೇಯಲ್ಲಿ ಟ್ರಕ್ ಮಗುಚಿ ಬಿದ್ದು ದಾರಿ ಕಟ್ಟಿತ್ತು. ಒಂದು ಗಂಟೆಗೂ ಮೀರಿ ಅಲ್ಲೇ ನಿಂತೆ. ಫೋನ್ ಮಾಡಿದರೆ ಸುಮಂಗಲಾ, “ರಾಹುಕಾಲ ಬರತೈತ್ರಿ, ಅದರೊಳಗ ಒಂದೀಟ ಚಾಲೂ ಮಾಡಿ ಬಂದ್ ಮಾಡ್ತಾರಂತ,” ಎಂದರು. ಎಲ್ಲ ಪರೀಕ್ಷೆಯೂ ಮುಗಿದಿತ್ತಲ್ಲ, ಆಗಲಿ ಎಂದೆ.

ಅವರ ಬೀದಿಗೆ ತಿರುಗುವಾಗಲೇ ಸದ್ದು ಕೇಳಿಸಿತು. ಗಟ್ಟಿಯಾದ, ಸಮನಾದ ಸದ್ದು. ಕಾರು ನಿಲ್ಲಿಸಿ ಒಳಗೆ ನಡೆದೆ. ಪರಿಚಯದ ಹದಿನೈದಿಪ್ಪತ್ತು ಜನ ಕನ್ನಡಿಗರು ಸೇರಿದ್ದರು. ಎಂಜಿನ್ನಿಗೆ ಚೆಂಡುಹೂವಿನ ಹಾರ, ಕುಂಕುಮ. ಮಹಾಂತೇಶ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಎಂಜಿನ್ನಿನ ಜೊತೆ ಗಾಡಿಯೆಲ್ಲ ಸಣ್ಣಗೆ ನಡುಗುತ್ತಿತ್ತು, ಅದರ ನಡುಕದಲ್ಲಿ ಅವರ ಕೈಯ ನಡುಕ ಯಾರಿಗೂ ಕಾಣುತ್ತಿರಲಿಲ್ಲ. ನನ್ನನ್ನು ನೋಡಿ ನಕ್ಕರು. ಅಷ್ಟು ಸುಖವಾಗಿದ್ದ ಮುಖವನ್ನು ನಾನು ಹೆಚ್ಚು ಕಂಡಿಲ್ಲ.

ಆಕ್ಸಿಲರೇಟರ್ ಒಂದು ಸಲ ಒತ್ತಿ ಬಿಟ್ಟರು. ಸದ್ದು ಏರಿತು. ಇಳಿಯಲಿಲ್ಲ. ಏರುತ್ತಲೇ ಹೋಯಿತು. ಸೈಲೆನ್ಸರ್ ಕೊಳವೆಯಿಂದ ಬಿಳಿ ಹೊಗೆ ನುಗ್ಗಿತು. ಅವರು ಕೀಲಿ ತಿರುಗಿಸಿ ಆಫ್ ಮಾಡಿದರು, ಎಂಜಿನ್ ನಿಲ್ಲಲಿಲ್ಲ.

ಇದಕ್ಕೆ ರನ್‌ಅವೇ ಎನ್ನುತ್ತಾರೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಸಂಪಿನಲ್ಲಿ ಎಣ್ಣೆ ಮಿತಿಮೀರಿ ಇದ್ದರೆ ಒಳಗೆ ತಿರುಗುವ ದಂಡ ಅದನ್ನು ಕಡೆದು ಎರಚುತ್ತದೆ, ಅದು ಗಾಳಿಯ ದಾರಿ ಸೇರಿ ಉರಿಯತೊಡಗುತ್ತದೆ. ಆಮೇಲೆ ಇಂಧನ ನಿಲ್ಲಿಸಿದರೂ ಎಂಜಿನ್ ತನ್ನ ಎಣ್ಣೆಯನ್ನೇ ಉರಿಸಿಕೊಂಡು ಓಡುತ್ತದೆ. ಅದನ್ನು ನಿಲ್ಲಿಸಲು ಒಳಹೋಗುವ ಗಾಳಿಯನ್ನೇ ಕಟ್ಟಬೇಕು. “ಎಲ್ಲಾ ಹೊರಗೆ ಹೋಗಿ!” ಎಂದು ಕಿರುಚಿದೆ. ಸುಮಂಗಲಾ ಗಂಡನ ತೋಳು ಹಿಡಿದು ಎಳೆದರು. ನಾನು ಪೂಜೆಯ ಮಣೆ ಎತ್ತಿಕೊಂಡು ಗಾಳಿ ಕೊಳವೆಯ ಬಾಯಿಗೆ ಒತ್ತಿ ಹಿಡಿದೆ. ಸದ್ದು ಕುಗ್ಗತೊಡಗಿತು. ಆದರೆ ಅಷ್ಟರಲ್ಲಿ ಸುತ್ತಿಗೆ ಬಡಿದಂಥ ಒಂದು ಏಟು ಕೇಳಿಸಿತು. ಪಿಸ್ಟನ್ನನ್ನು ಆ ದಂಡಕ್ಕೆ ಕೂಡಿಸುವ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನಿನ ಗೋಡೆ ಒಡೆದು ಹೊರಬಂದಿತ್ತು. ಎಣ್ಣೆ ರಂಗೋಲಿಯ ಮೇಲೆ ಹರಿಯಿತು.

ಯಾರಿಗೂ ಪೆಟ್ಟಾಗಿರಲಿಲ್ಲ. ನಾನು ಮಾತ್ರ ಸಿಟ್ಟಿನಿಂದ ಉರಿಯುತ್ತಿದ್ದೆ. “ಎಣ್ಣೆ ಯಾರು ಹಾಕಿದ್ದು?” ಎಂದೆ.

“ಎಲ್ಲಾರೂ,” ಎಂದರು ಮಹಾಂತೇಶ.

ಅವರ ತಂದೆಯ ಡಿಪೋದಲ್ಲಿ ರಿಪೇರಿಯಾದ ಎಂಜಿನ್ ಬಸ್ಸಿಗೆ ಏರಿದಾಗ ಮ್ಯಾನೇಜರಿಂದ ಹಿಡಿದು ಕಸ ಗುಡಿಸುವವರವರೆಗೆ ಪ್ರತಿಯೊಬ್ಬರೂ ಒಂದೊಂದು ಸೌಟು ಎಣ್ಣೆ ಹೊಯ್ಯುತ್ತಿದ್ದರಂತೆ. ಎಲ್ಲರ ಕೈ ತಾಗಿದ ಎಂಜಿನ್ ದಾರಿಯಲ್ಲಿ ಕೈಕೊಡುವುದಿಲ್ಲ ಎಂಬ ನಂಬಿಕೆ. ಅದೇ ಶಾಸ್ತ್ರವನ್ನು ಇಲ್ಲಿಯೂ ಮಾಡಿದ್ದರು. ಹಾರೈಸಲು ಬಂದವರೆಲ್ಲ ಸಾಲಾಗಿ ನಿಂತು ಸೌಟಿನಿಂದ ಹೊಯ್ದಿದ್ದರು. ಗೆರೆಗೆ ಸರಿಯಾಗಿದ್ದ ಎಣ್ಣೆಯ ಮೇಲೆ ಎರಡು ಲೀಟರಿಗೂ ಹೆಚ್ಚು ಬಿದ್ದಿತ್ತು.

“ಡಿಪೋದಲ್ಲಿ ನಿಮ್ಮ ತಂದೆ ಮೊದಲೇ ಅಷ್ಟು ಕಮ್ಮಿ ತುಂಬಿರ್ತಿದ್ರು ಸಾರ್. ಎಲ್ಲರೂ ಹೊಯ್ದ ಮೇಲೆ ಗೆರೆಗೆ ಬರೋ ಹಾಗೆ,” ಎಂದೆ. ಬೇರೆ ದಾರಿಯೇ ಇರಲಾರದು.

ಅವರು ಎಂಜಿನ್ನಿನ ತೂತನ್ನು ನೋಡಿದರು. “ನಾ ಸಣ್ಣಾಂವ ಇದ್ನಿರಿ. ಬರೇ ಸೌಟಷ್ಟ ನೋಡಿದ್ದೆ,” ಎಂದರು.

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅವರ ಮುಂದೆ ನಿಲ್ಲಲಾಗದೆ ಹೊರಗೆ ಬಂದು ಅತ್ತೆ.

ಅಂಥ ಇನ್ನೊಂದು ಎಂಜಿನ್ನಿಗಾಗಿ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಗುಜರಿಗಳಿಗೆಲ್ಲ ಫೋನ್ ಮಾಡಿದೆ. ಒಂದು ಸಿಕ್ಕಿತು. ಅದರ ಮಾದರಿ ಬೇರೆ; ಸಂಪು, ಮೌಂಟು, ಸ್ಟಿಯರಿಂಗು ಎಲ್ಲವೂ ಮತ್ತೆ ಮೊದಲಿನಿಂದ. ಅದಕ್ಕೆ ಸಮಯ ಸಾಲದೆ ನವೆಂಬರ್ ಬಂತು. ನಾನೇ ಅವರನ್ನು ಹ್ಯೂಸ್ಟನ್‌ಗೆ ಕರೆದೊಯ್ದೆ. ಡಾಕ್ಟರ್ ಸಭ್ಯರಾಗಿಯೇ ಹೇಳಿದರು, ಇವತ್ತಿನಿಂದ ಡ್ರೈವಿಂಗ್ ಬೇಡ.

ವಾಪಸು ಬರುವಾಗ ಆಸ್ಟಿನ್‌ನಿಂದ ಮಗಳು ಅನಘಾ ಫೋನ್ ಮಾಡಿದಳು. “ಇಟ್ಸ್ ಓಕೆ ಅಪ್ಪಾ, ಐ ವಿಲ್ ಡ್ರೈವ್ ಇಟ್ ಫಾರ್ ಯೂ,” ಎಂದಳು. ನಾನೂ ಧ್ವನಿ ಸೇರಿಸಿದೆ. ಮುಂದಿನ ವರ್ಷ ಹಗುರವಾದ ಪೆಟ್ರೋಲ್ ಎಂಜಿನ್ ಕೂಡಿಸೋಣ, ಮಗಳು ಓಡಿಸಲಿ, ನೀವು ಪಕ್ಕದಲ್ಲಿ ಕೂತುಕೊಳ್ಳಿ, ಗಾಡಿಯಂತೂ ಆಸ್ಟಿನ್ ತಲುಪುತ್ತದೆ.

ಅವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು: “ಗಾಡಿ ಮುಟ್ಟಲಿ ಅಂತ ಕಟ್ಟಿದ್ದಿಲ್ಲರಿ ಮೇಡಂ. ನಾ ಮುಟ್ಟಸಬೇಕಂತ ಕಟ್ಟಿದ್ದೆ.”

ಮುಂದಿನ ಬೇಸಿಗೆಯಲ್ಲಿ ಅವರು ಚೌಕಟ್ಟನ್ನು ಬಿಚ್ಚಿಸಿ ಯಾರಿಗೋ ಕೊಟ್ಟುಬಿಟ್ಟರು. ಆ ವೇಳೆಗೆ ಬೋಲ್ಟುಗಳನ್ನು ನಾನೇ ಬಿಚ್ಚಬೇಕಾಯಿತು.

ಒಡೆದ ಎಂಜಿನ್ನಿಗೆ ಬದಲಿ ಎಂಜಿನ್ ಇದ್ದೇ ಇರುತ್ತದೆ ಎಂಬ ಧೈರ್ಯದಲ್ಲಿ ನಾನು ಅಷ್ಟು ವರ್ಷ ದುಡಿದಿದ್ದೆ. ಯಾರು, ಯಾವಾಗ, ಯಾತಕ್ಕೆ ಓಡಿಸುತ್ತಾರೆ ಎಂಬುದು ಕಂಪನಿಯಲ್ಲಿ ನನ್ನ ಮೇಜಿಗೆ ಬರುತ್ತಿರಲಿಲ್ಲ. ಈಗ ಯಾರಾದರೂ ಗಾಡಿ ಕಟ್ಟುತ್ತೇನೆಂದು ಬಂದರೆ ಎಂಜಿನ್ ಯಾವುದೆಂದು ಆಮೇಲೆ ಕೇಳುತ್ತೇನೆ. ಮೊದಲು, ನಿಮಗೆಷ್ಟು ಸಮಯವಿದೆ ಎನ್ನುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಸುಮ್ಮನಾಗುತ್ತಾರೆ. ಸುಮ್ಮನಾದವರಿಗೆ ‘ಮುಂದಿನ ವರ್ಷ’ ಎಂಬ ಮಾತನ್ನು ನಾನು ಹೇಳುವುದಿಲ್ಲ.