ತಂಗಿಯ ಸ್ವೆಟರ್

ಇಪ್ಪತ್ತಾರು ವರ್ಷದಿಂದ ಒಂದೇ ಲಾಂಡ್ರಿಯಲ್ಲಿ, ಕಿಟಕಿ ಪಕ್ಕದ ಒಂದೇ ಮೇಜಿನ ಮುಂದೆ ನಿಂತು ಬಟ್ಟೆಯ ಕಲೆ ತೆಗೆಯುತ್ತ ಬಂದವಳು ಅವಳು. ಜೊತೆಯವರು ಅವಳಿಗೆ ಪತ್ತೇದಾರಿ ಎಂದು ಅಡ್ಡಹೆಸರಿಟ್ಟಿದ್ದರು. ಅಂಗಿಯ ಕಾಲರನ್ನು ಬೆಳಕಿಗೆ ಹಿಡಿದು, ಇದು ಶಾಯಿಯಲ್ಲ, ತಲೆಗೆ ಹಚ್ಚುವ ಬಣ್ಣ, ಈ ಮನುಷ್ಯ ವಯಸ್ಸು ಮುಚ್ಚಿಡುತ್ತಿದ್ದಾನೆ ಎಂದು ಹೇಳಿಬಿಡುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಕೆದಕಿದವರಿಗೆ, ಗಂಡಸರ ಕಾಲರಿನ ಒಳಭಾಗವನ್ನು ನನ್ನಷ್ಟು ಹತ್ತಿರದಿಂದ ಕಂಡವರು ಯಾರೂ ಮದುವೆಯಾಗುವುದಿಲ್ಲ ಎನ್ನುತ್ತಿದ್ದಳು. ತಮಾಷೆಗೋ ನಿಜಕ್ಕೋ, ಆ ದೇವರಿಗೇ ಗೊತ್ತು.

ಅವಳಿಗೆ ತನ್ನವರು ಅಂತ ಇದ್ದದ್ದು ಒಬ್ಬಳೇ ತಂಗಿ. ಅದೇ ಊರಿನ ಇನ್ನೊಂದು ತುದಿಯಲ್ಲಿ ಮನೆ, ಶಾಲೆಯ ಗ್ರಂಥಾಲಯದಲ್ಲಿ ಕೆಲಸ. ಆರು ವರ್ಷದ ಹಿಂದೆ ಈ ತಂಗಿ ಒಂದು ಬೆಕ್ಕು ತಂದಳು. ಬೆಕ್ಕು ಎಂದರೆ ನಾವು ನೀವು ಕಾಂಪೌಂಡಿನ ಮೇಲೆ ಕಾಣುವಂಥದ್ದಲ್ಲ. ಸ್ಫಿಂಕ್ಸ್ ಎಂಬ ತಳಿ. ಮೈಮೇಲೆ ಹೆಸರಿಗೊಂದು ಕೂದಲಿಲ್ಲ, ಮೀಸೆಯೂ ಇಲ್ಲ. ಸುಕ್ಕುಗಟ್ಟಿದ ಗುಲಾಬಿ ಚರ್ಮ, ಮುಖಕ್ಕಿಂತ ದೊಡ್ಡ ಕಿವಿ, ಎಲ್ಲ ಗೊತ್ತಿದ್ದೂ ಸುಮ್ಮನಿರುವ ಮುದುಕನ ಕಣ್ಣು. ಊರಿಗೆಲ್ಲ ಅಂಥದ್ದು ಅದೊಂದೇ. ಜೊತೆಗೆ ಬಂದ ಕಾಗದದಲ್ಲಿ ಅದರ ಅಪ್ಪ, ಅಜ್ಜ, ಮುತ್ತಜ್ಜ, ಅವರವರ ಹೆಂಡಿರು, ಎಲ್ಲರ ಹೆಸರೂ ಮೊಹರು ಸಮೇತ ಇದ್ದವು. ಅಕ್ಕತಂಗಿಯರಿಗೆ ತಮ್ಮ ಮುತ್ತಜ್ಜನ ಹೆಸರು ಗೊತ್ತಿರಲಿಲ್ಲ. ಕಾಗದದ ಉದ್ದನೆಯ ಹೆಸರು ಬಿಟ್ಟು ತಂಗಿ ಅದನ್ನು ಯಜಮಾನ್ರು ಎಂದು ಕರೆದಳು. ಅಕ್ಕ ಬೋಳಪ್ಪ ಎಂದಳು.

ಈ ತಳಿಯ ಚರ್ಮದಿಂದ ಜಿಡ್ಡು ಒಸರುತ್ತಿರುತ್ತದೆ. ಹೀರಿಕೊಳ್ಳಲು ಕೂದಲಿಲ್ಲವಲ್ಲ, ಕೂತಲ್ಲೆಲ್ಲ ಕಂದು ಬಣ್ಣದ ಗುರುತು. ಅಕ್ಕ ಮೊದಲ ಸಲ ನೋಡಲು ಹೋದ ದಿನವೇ ಬೋಳಪ್ಪ ಅವಳ ಹೊಸ ಬಿಳಿ ಬಟ್ಟೆಯ ಮೇಲೆ ಹಾಯಾಗಿ ಕೂತು, ತಟ್ಟೆಯಗಲದ ಕಲೆ ಬಿಟ್ಟು ಎದ್ದಿತು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕನಿಗೆ ರೇಗಿತು. ಈ ಬೋಳು ಪ್ರಾಣಿ ಇರುವತನಕ ನಿನ್ನ ಮನೆಗೆ ಕಾಲಿಡುವುದಿಲ್ಲ ಎಂದು ಎದ್ದು ಬಂದಳು. ಇಂಥ ಮಾತನ್ನು ಎಲ್ಲರೂ ಆಡುತ್ತಾರೆ, ಮುಂದಿನ ವಾರ ಮರೆತು ಹೋಗುತ್ತಾರೆ. ಅವಳು ಮರೆಯುವ ಪೈಕಿಯಲ್ಲ. ಹಟ ಎಂದರೆ ಅವಳದ್ದೇ ಹಟ. ಆಮೇಲೆ ಅಕ್ಕತಂಗಿ ಉದ್ಯಾನದ ಬೆಂಚಿನ ಮೇಲೆ ಭೇಟಿಯಾದರು, ಫೋನಿನಲ್ಲಿ ಮಾತಾಡಿದರು, ಆರು ವರ್ಷ.

ತಂಗಿಗೆ ಕಾಯಿಲೆಯಾಯಿತು. ಎಂಥದ್ದು, ಎಷ್ಟರ ಮಟ್ಟಿನದು ಎಂದು ಅವಳೂ ಬಿಡಿಸಿ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಒಂದು ದಿನ ಫೋನಿನಲ್ಲಿ, "ಅಕ್ಕ, ನಾಲ್ಕು ದಿನ ಬಂದಿರ್ತೀಯಾ?" ಎಂದಳು.

"ನೀನೇ ಇಲ್ಲಿಗೆ ಬಾ. ಅದನ್ನ ಎಲ್ಲಾದ್ರೂ ಬಿಟ್ಟು ಬಾ."

"ಆಯ್ತು ಬಿಡು" ಎಂದಳು ತಂಗಿ. ಅದಾದ ಒಂಬತ್ತನೆಯ ದಿನ ಫೋನ್ ಮಾಡಿದವಳು ತಂಗಿಯ ಪಕ್ಕದ ಮನೆಯಲ್ಲಿದ್ದ ನರ್ಸ್.

ಎಲ್ಲ ಮುಗಿದ ಮೇಲೆ ಅಕ್ಕ ತಂಗಿಯ ಮನೆಗೆ ಕಾಲಿಟ್ಟಳು. ಅಳುವುದಕ್ಕೆ ಅವಳಿಗೆ ಬರುತ್ತಿರಲಿಲ್ಲ, ಒಗೆಯುವುದಕ್ಕೆ ಬರುತ್ತಿತ್ತು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಕಪಾಟಿನಲ್ಲಿದ್ದ ಒಂದೊಂದು ಬಟ್ಟೆಯನ್ನೂ ಲಾಂಡ್ರಿಗೆ ಹೊತ್ತು ತಂದು ಎರಡು ದಿನದಲ್ಲಿ ಒಗೆದು, ಇಸ್ತ್ರಿ ಮಾಡಿ, ಅನಾಥಾಶ್ರಮಕ್ಕೆ ಕಳಿಸಿದಳು. ಮೂರನೆಯ ದಿನ ನರ್ಸ್ ಒಂದು ಬುಟ್ಟಿ ಹೊತ್ತು ಅಕ್ಕನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಬುಟ್ಟಿಯಲ್ಲಿ ಅಲ್ಲಿಯತನಕ ಅವಳ ಮನೆಯಲ್ಲಿದ್ದ ಬೆಕ್ಕು, ಬೆಕ್ಕಿಗೆ ಸುತ್ತಿದ್ದ ತಂಗಿಯ ಹಾಲುಬಣ್ಣದ ಉಣ್ಣೆಯ ಸ್ವೆಟರ್, ಒಂದು ನೋಟ್‌ಬುಕ್ಕು. ಅಕ್ಕನಿಗೆ ಕೊಡಿ ಎಂದು ಹೇಳಿ ಹೋದಳು, ಬೇರೇನೂ ಹೇಳಲಿಲ್ಲ ಎಂದಳು ನರ್ಸ್. ನಂಬಿಕೆಯಿಂದ ಕೊಟ್ಟಳೋ, ನೋಡಿಕೋ ಈಗ ಎಂದು ಕೊಟ್ಟಳೋ? ಅಂಗಿಗಳ ಮೇಲೆ ಬಗ್ಗಿ ನಿಂತು ಅವಳು ಎಷ್ಟೋ ದಿನ ಇದನ್ನೇ ಯೋಚಿಸಿದಳು.

ನೋಟ್‌ಬುಕ್ಕು ಆ ಒಂಬತ್ತು ದಿನಗಳಲ್ಲಿ ಬರೆದದ್ದು. ಪುಟ ತಿರುಗಿಸಿದಂತೆ ಅಕ್ಷರ ಸೊಟ್ಟಗಾಗುತ್ತ ಹೋಗಿತ್ತು. ವಾರಕ್ಕೊಂದು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ. ಕಿವಿಯಲ್ಲಿ ಕಪ್ಪು ಗುಗ್ಗೆ ಕಟ್ಟುತ್ತದೆ, ಹತ್ತಿಯಿಂದ ಮೆಲ್ಲಗೆ ಒರೆಸಬೇಕು. ಬೆರಳುಗಳ ಸಂದಿ ಮರೆಯಬಾರದು. ಬಿಸಿಲಿಗೆ ಬಿಟ್ಟರೆ ಚರ್ಮ ಸುಡುತ್ತದೆ, ಗಾಳಿಗೆ ಬಿಟ್ಟರೆ ನಡುಗುತ್ತದೆ. ಮೈ ಬೆಚ್ಚಗಿಟ್ಟುಕೊಳ್ಳಲು ಬೇರೆ ಬೆಕ್ಕುಗಳಿಗಿಂತ ಹೆಚ್ಚು ತಿನ್ನುತ್ತದೆ, ಹೊಟ್ಟೆಬಾಕ ಎಂದು ಬೈಯಬಾರದು. ನಾಲ್ಕನೆಯ ಪುಟದಲ್ಲಿ ಹೀಗಿತ್ತು: "ಜಿಡ್ಡು ಪೂರ್ತಿ ತೆಗೀಬೇಡ ಅಕ್ಕ. ಅದೇ ಅವನ ಕಂಬಳಿ. ನಿನ್ನ ಕೈ ಸುಮ್ನಿರಲ್ಲ ಅಂತ ಗೊತ್ತು."

ಬರೆದದ್ದು ತನಗೆಂದೇ ಎಂದು ಅಲ್ಲಿಗೆ ತಿಳಿಯಿತು. ಅವಳು ಪುಸ್ತಕ ಮುಚ್ಚಿಟ್ಟು, ಮುಖ ತೊಳೆದು ಬಂದು ಮತ್ತೆ ತೆರೆದಳು.

ಮೊದಲ ಸ್ನಾನದಲ್ಲಿ ಬೋಳಪ್ಪ ಅವಳ ಕೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಗೀರಿಹಾಕಿತು. ಆಹಾ, ಪತ್ತೇದಾರಿಗೇ ಗುರುತು ಬಿಟ್ಟವರು ಯಾರಪ್ಪ ಎಂದು ಲಾಂಡ್ರಿಯವರು ಚುಡಾಯಿಸಿದರು. ಮೂರನೆಯ ಸ್ನಾನದ ಹೊತ್ತಿಗೆ ಇಬ್ಬರಿಗೂ ಪರಸ್ಪರ ಅಂದಾಜು ಸಿಕ್ಕಿತ್ತು. ಒರೆಸಿ ತೊಡೆಯ ಮೇಲಿಟ್ಟುಕೊಂಡರೆ ಆಗಷ್ಟೇ ಇಸ್ತ್ರಿಯಾದ ಬಟ್ಟೆಯಷ್ಟು ಬಿಸಿ. ಆದರೆ ಅದು ಅವಳ ತೊಡೆಯ ಮೇಲೆ ಎರಡು ನಿಮಿಷ ನಿಲ್ಲುತ್ತಿರಲಿಲ್ಲ. ಇಳಿದು ಹೋಗಿ ಸ್ವೆಟರಿನೊಳಗೆ ತೂರಿಕೊಳ್ಳುತ್ತಿತ್ತು.

ಇನ್ನೊಂದು ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳ ಕೆಲಸ ಬೆಳಗ್ಗೆ ಏಳರಿಂದ ಮೂರರವರೆಗೆ. ದಿನವೂ ಸಂಜೆ ನಾಲ್ಕೂವರೆಗೆ, ಅಂದರೆ ತಂಗಿ ಶಾಲೆ ಮುಗಿಸಿ ಮನೆ ಸೇರುತ್ತಿದ್ದ ಹೊತ್ತಿಗೆ, ಬೆಕ್ಕು ಎದ್ದು ಹೋಗಿ ಬಾಗಿಲ ಮುಂದೆ ಕೂರುತ್ತಿತ್ತು. ಬಾಗಿಲು ತೆರೆಯುತ್ತಿರಲಿಲ್ಲ. ಆದರೂ ಅದು ತಟ್ಟನೆ ತಲೆಯೆತ್ತಿ, ಯಾರದೋ ಕಾಲಿಗೆ ಮೈ ಉಜ್ಜುತ್ತ ಅಡುಗೆಮನೆಯವರೆಗೆ ನಡೆದು ಬರುತ್ತಿತ್ತು. ಅಲ್ಲಿ ನಿಂತು ಬೆನ್ನು ಮೇಲಕ್ಕೆತ್ತುತ್ತಿತ್ತು. ಮೈತುಂಬ ಕೂದಲಿದ್ದಿದ್ದರೆ ಕಾಣುತ್ತಿರಲಿಲ್ಲವೇನೋ. ಆ ಬೋಳು ಬೆನ್ನಿನ ಸುಕ್ಕುಗಳು ಕತ್ತಿನಿಂದ ಬಾಲದವರೆಗೆ ಒಂದೊಂದಾಗಿ ಒತ್ತಿಕೊಂಡು ಸಡಿಲವಾಗುವುದು ಹಗಲ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಯಾರೋ ಸವರುತ್ತಿದ್ದರು.

ಮೊದಲ ದಿನ ಅವಳು ಕಾಲು ಮೇಲೆಳೆದುಕೊಂಡು ಕುರ್ಚಿಯಲ್ಲಿ ಮುದುರಿ ಕೂತಳು. ಮರುದಿನ ಬೇಕೆಂದೇ ಲಾಂಡ್ರಿಯಲ್ಲಿ ಐದೂವರೆವರೆಗೆ ಉಳಿದಳು. ಮೂರನೆಯ ದಿನ ಮೂರು ಹೊಡೆಯುತ್ತಲೇ ಓಡೋಡಿ ಮನೆಗೆ ಬಂದಳು. ಬರುಬರುತ್ತ ಹೆದರಿಕೆ ಹೋಗಿ ಅದರ ಜಾಗದಲ್ಲಿ ಹೊಟ್ಟೆಕಿಚ್ಚು ಬಂತು. ಬಂದವಳು ಬೆಕ್ಕನ್ನು ಸವರಿ ಹೋಗುತ್ತಿದ್ದಳೇ ಹೊರತು ಅಕ್ಕನ ಕುರ್ಚಿಯ ಹತ್ತಿರ ಒಂದು ದಿನವೂ ನಿಲ್ಲಲಿಲ್ಲ. ನಿಲ್ಲಬೇಕಾದ ಋಣವೇನೂ ಅವಳಿಗಿರಲಿಲ್ಲ, ಬಿಡಿ.

ಎರಡು ತಿಂಗಳಾಯಿತು. ಸ್ವೆಟರಿನ ಎದೆಯ ಭಾಗ ಜಿಡ್ಡಿನಿಂದ ಹಳದಿಗಟ್ಟಿತ್ತು. ಇನ್ನು ಹದಿನೈದು ದಿನ ಬಿಟ್ಟರೆ ಈ ಕಲೆ ಜನ್ಮಕ್ಕೆ ಹೋಗುವುದಿಲ್ಲ ಎಂದು ಅವಳ ಕಣ್ಣು ಹೇಳುತ್ತಿತ್ತು. ಹೊದಿಕೆಗಳನ್ನು ವಾರವಾರ ಒಗೆಯಬೇಕೆಂದು ನೋಟ್‌ಬುಕ್ಕಿನಲ್ಲಿತ್ತು. ಸ್ವೆಟರಿನ ಮಾತೇ ಇರಲಿಲ್ಲ. ಬರೆಯುವಾಗ ಅದು ತಂಗಿಯ ಮೈಮೇಲೆಯೇ ಇತ್ತಲ್ಲ. ಒಂದು ರಜೆಯ ಬೆಳಗ್ಗೆ ಅವಳು ಅದನ್ನು ಕೈಗೆತ್ತಿಕೊಂಡು ಮುಖಕ್ಕೊತ್ತಿ ಮೂಸಿದಳು. ನೋವಿನ ಮುಲಾಮು, ಹಳೆಯ ಪುಸ್ತಕ, ಬೆವರು, ಕಾಯಿಲೆ. ಅವಳಿಗೆ ಕೆಲಸ ಕಲಿಸಿದ ಮುದುಕಿ, ವಾಸನೆಯೂ ಒಂದು ಕಲೆಯೇ, ಅದು ಉಳಿದರೆ ಬಟ್ಟೆ ಒಗೆದ ಹಾಗಲ್ಲ ಎನ್ನುತ್ತಿದ್ದಳು. ಬದುಕಿದ್ದಾಗ ತಂಗಿಯ ಮುಖವನ್ನೊಂದು ಸಲ ಒರೆಸಲಿಲ್ಲ, ಇದನ್ನಾದರೂ ಮಾಡುತ್ತೇನೆ ಎಂದುಕೊಂಡಳು ಪತ್ತೇದಾರಿ. ಸೀಮೆಸುಣ್ಣದ ಪುಡಿ ಉದುರಿಸಿ ಜಿಡ್ಡು ಹೀರಿಸಿದಳು. ಉಣ್ಣೆಗೆ ನೋವಾಗದಂತೆ ನಾಲ್ಕು ನೀರಿನಲ್ಲಿ ಅದ್ದಿ ತೆಗೆದಳು. ಹಿಂಡಲಿಲ್ಲ. ಟವೆಲಿನಲ್ಲಿ ಸುರುಳಿ ಸುತ್ತಿ, ನೆರಳಿನಲ್ಲಿ ಹರಡಿ ಒಣಗಿಸಿದಳು. ಇಪ್ಪತ್ತಾರು ವರ್ಷದಲ್ಲಿ ಅಂಥ ಕೆಲಸ ಅವಳ ಕೈಯಲ್ಲಿ ಆಗಿರಲಿಲ್ಲ. ಹೊಸದಾಗಿ ಹೆಣೆದ ಹಾಗಿತ್ತು.

ಬೆಕ್ಕು ಬಂದು ಮೂಸಿತು. ಒಳಗೆ ತಲೆ ತೂರಿಸಿ ಹುಡುಕಿತು, ತೋಳಿನೊಳಗೂ ಹುಡುಕಿತು. ಆಮೇಲೆ ಹೊರಗೆ ಬಂದು ಬರಿ ನೆಲದ ಮೇಲೆ ಮಲಗಿತು. ಅಂದು ನಾಲ್ಕೂವರೆಗೆ ಅದು ಏಳಲಿಲ್ಲ. ಬಾಗಿಲು ಬರೇ ಬಾಗಿಲಾಗಿತ್ತು. ಅವಳು ಕುರ್ಚಿಯಲ್ಲಿ ಕೂತೇ ಐದಾಯಿತು, ಆರಾಯಿತು. ದೆವ್ವ ಬಂದರೆ ಮನೆ ಬಿಟ್ಟು ಓಡುವವರನ್ನು ಕೇಳಿದ್ದೇವೆ. ದೆವ್ವ ಬರಲಿಲ್ಲವೆಂದು ಅತ್ತವಳು ಇವಳೊಬ್ಬಳೇ ಇರಬೇಕು. ತಂಗಿಯನ್ನು ಎರಡನೆಯ ಸಲ ಕಳಿಸಿಕೊಟ್ಟಿದ್ದಳು, ಈ ಸಲ ತನ್ನ ಕೈಯಾರೆ.

ಆ ದಿನದಿಂದ ಬೆಕ್ಕು ಅನ್ನ ನೀರು ಮುಟ್ಟಲಿಲ್ಲ. ಎರಡನೆಯ ದಿನ ಅವಳು ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯೆಯ ಹತ್ತಿರ ಓಡಿದಳು. ಬೆಕ್ಕು ಉಪವಾಸ ತಡೆಯುವ ಪ್ರಾಣಿಯಲ್ಲ, ನಾಲ್ಕು ದಿನ ತಿನ್ನದಿದ್ದರೆ ಲಿವರ್ ಕೈಕೊಡುತ್ತದೆ ಎಂದರು ವೈದ್ಯೆ. ನಾಳೆ ಸಂಜೆಯೊಳಗೆ ತಿನ್ನದಿದ್ದರೆ ಮೂಗಿನಿಂದ ನಳಿಗೆ ಇಳಿಸಬೇಕು, ಈ ತಳಿ ಅದನ್ನು ತಾಳುತ್ತದೆಂದು ಭರವಸೆ ಕೊಡಲಾರೆ ಎಂದರು. ಮೈ ಆಗಲೇ ತಣ್ಣಗಾಗುತ್ತಿತ್ತು. ಮನೆಯಲ್ಲಿ ಏನಾದರೂ ಬದಲಾಯಿತೇ ಎಂದು ಕೇಳಿದಾಗ ಅವಳು ಸ್ವೆಟರಿನ ಸಂಗತಿ ಹೇಳಿದಳು. ವೈದ್ಯೆ ಬೆಕ್ಕಿಗೆ ಟವೆಲ್ ಹೊದಿಸುತ್ತ ಕೇಳಿದರು: ತಂಗಿಯ ಬೇರೆ ಯಾವುದಾದರೂ ಬಟ್ಟೆ, ಒಂದು ಕರವಸ್ತ್ರ, ದಿಂಬು?

"ಎಲ್ಲಾ ಒಗೆದುಬಿಟ್ಟೆ ಡಾಕ್ಟ್ರೇ. ಒಂದೂ ಬಿಟ್ಟಿಲ್ಲ."

"ಸರಿ. ಮೈಗೆ ಮೈ ತಾಗಿಸಿ ಇಟ್ಕೊಳ್ಳಿ. ಇದಕ್ಕೀಗ ಬಿಸಿ ಬೇಕು. ಅದು ತಿನ್ನೋತನಕ ನಿಮ್ಮ ಮೈಗೆ ಸೋಪು, ಪೌಡರು ಏನೂ ಬೇಡ, ಆ ವಾಸನೆಗೇ ಮುಖ ತಿರುಗಿಸುತ್ತೆ."

ದಿನಕ್ಕೆ ಎರಡು ಸಲ ಉಜ್ಜಿ ಉಜ್ಜಿ ಸ್ನಾನ ಮಾಡುವವಳು ಅವಳು. ಲಾಂಡ್ರಿಯ ದ್ರಾವಣಗಳ ವಾಸನೆ ಹೋಗಲೆಂದು ಕೈಗಳನ್ನು ಕೆಂಪಾಗುವವರೆಗೆ ತೊಳೆಯುವವಳು. ಅಂಥವಳು ಫೋನ್ ಮಾಡಿ ರಜೆ ಹೇಳಿ, ಸ್ನಾನ ಬಿಟ್ಟು, ಹಳೆಯ ಅಂಗಿಯೊಳಗೆ ಬೆಕ್ಕನ್ನು ಎದೆಗೊತ್ತಿಕೊಂಡು ಕಂಬಳಿ ಹೊದ್ದು ಕೂತಳು. ಚರ್ಮಕ್ಕೆ ಚರ್ಮ. ಅದರ ಪಕ್ಕೆಲುಬುಗಳನ್ನು ತನ್ನ ಎದೆಯ ಮೇಲೆ ಎಣಿಸಬಹುದಿತ್ತು. ಗಂಟೆಗೊಮ್ಮೆ ಬೇಯಿಸಿದ ಕೋಳಿಮಾಂಸ ಅರೆದು ಬೆರಳಲ್ಲಿ ತೋರಿಸಿದಳು, ಅದು ಮುಖ ತಿರುಗಿಸಿತು. ಮರುದಿನ ಬೆಳಗ್ಗೆಯೂ ಹಾಗೇ. ಅವಳ ಮೈ ಅವಳಿಗೇ ಅಂಟಂಟಾಗಿತ್ತು. ಸಾಯಬೇಡ, ನಿನ್ನನ್ನೂ ಕಳಿಸಿಬಿಟ್ಟರೆ ನಾನು ಅವಳಿಗೆ ಮುಖ ತೋರಿಸುವುದು ಹೇಗೆ ಎಂದು ಕೇಳಿಕೊಂಡಳು. ಯಾರನ್ನು ಕೇಳಿಕೊಂಡಳೋ ಅವಳಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತು ಮೀರಿತ್ತು. ಅಂಗಿಯೊಳಗೆ ಬೆಕ್ಕು ಅಲುಗಾಡಿತು. ತಲೆ ಹೊರಗೆ ಹಾಕಿ ಅವಳ ಕತ್ತಿನ ಮಡಿಕೆಯನ್ನು ಮೂಸಿತು. ಕಿವಿಯ ಹಿಂದೆ ಮೂಸಿತು, ಮತ್ತೆ ಕತ್ತಿಗೆ ಬಂತು, ಅಲ್ಲೇ ಮೂಗು ಒತ್ತಿ ನಿಂತಿತು. ಅದರ ಗಂಟಲಿನಿಂದ ಗುರುಗುರು ಸದ್ದು ಹೊರಟಿತು. ಎರಡು ತಿಂಗಳಲ್ಲಿ ಅವಳಿಗಾಗಿ ಒಂದು ಸಲವೂ ಹೊರಡಿಸದ ಸದ್ದು. ಮುಂಗಾಲುಗಳಿಂದ ಅವಳ ಎದೆಯನ್ನು ಒತ್ತಿ ಒತ್ತಿ ನಾದತೊಡಗಿತು. ಅವಳು ಮಾಂಸ ಸವರಿದ ಬೆರಳನ್ನು ಅದರ ಬಾಯಿಯ ಹತ್ತಿರ ತಂದಳು. ಬೆಕ್ಕು ನೆಕ್ಕಿತು. ಇನ್ನೊಂದು ಸಲ ತಂದಳು, ತಿಂದಿತು. ಬಟ್ಟಲು ಅರ್ಧವಾಯಿತು.

ಇದು ತನಗಲ್ಲ ಎಂದು ಅವಳಿಗೆ ತಿಳಿದಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಇಷ್ಟು ವರ್ಷದ ಸೋಪಿನ ಕೆಳಗೆ ಅದೇ ಮೈವಾಸನೆ ಇತ್ತು, ಬೆಕ್ಕು ಅಲ್ಲಿ ತನ್ನವಳನ್ನು ಕಂಡುಕೊಂಡಿತ್ತು. ನಾನು ಅವಳಲ್ಲ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. "ಬಂದೆ ಕಣೋ" ಎಂದು ಪಿಸುಗುಟ್ಟಿದಳು, ತಂಗಿ ಹೇಳುತ್ತಿದ್ದಿರಬಹುದಾದ ಹಾಗೆ.

ಹೊಟ್ಟೆ ತುಂಬಿದ ಬೆಕ್ಕು ಅವಳ ಕತ್ತಿಗೆ ಮುಖವಿಟ್ಟು ನಿದ್ದೆ ಹೋಯಿತು. ಅದಕ್ಕೆ ಎಚ್ಚರವಾಗದಂತೆ ಅವಳು ತೋಳನ್ನು ಮೆಲ್ಲಗೆ ಹೊರತೆಗೆದು, ಮೊಣಕೈಯ ಒಳಮಡಿಕೆಯನ್ನು ಮೂಗಿಗೊತ್ತಿ, ಕಣ್ಣು ಮುಚ್ಚಿ ಉಸಿರೆಳೆದಳು. ಮತ್ತೆ ಎಳೆದಳು. ಅವಳಿಗೆ ಏನೂ ಸಿಗಲಿಲ್ಲ.