ಎರಡನೆಯ ಗೆರೆ

ನನ್ನ ಭಾವ ಮೂವತ್ತೊಂದು ವರ್ಷ ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚು ಕಟ್ಟಿದವರು. ಅಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಬೇಕಾಗುತ್ತಿತ್ತು. ಮರಳು ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಅವರು ಒಂದು ಹಿಡಿಯಷ್ಟನ್ನು ಮುಷ್ಟಿಯಲ್ಲಿ ಅಮುಕಿ, ಆ ಮುದ್ದೆಯನ್ನು ಹೆಬ್ಬೆರಳಿನಿಂದ ನಡುವೆ ಮುರಿದು, ಮುರಿದ ಜಾಗವನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ತೇವ ಹೆಚ್ಚಾದ ಮರಳಿಗೆ ಒಂದು ವಾಸನೆ, ಸುಟ್ಟು ಸತ್ವ ಕಳೆದುಕೊಂಡ ಮರಳಿಗೆ ಇನ್ನೊಂದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರೆಂದು ಕಾರ್ಖಾನೆಯವರು ಹೇಳಿದಾಗ, "ಮೂಗು ಮುಚ್ಕೊಂಡು ಅಡುಗೆ ಮಾಡೋಕಾಗುತ್ತಾ?" ಎಂದು ನಕ್ಕು, ಆ ಬಟ್ಟೆಯನ್ನು ಕೈ ಒರೆಸಿಕೊಳ್ಳಲು ಇಟ್ಟುಕೊಂಡರು. ಐವತ್ತೆಂಟನೆಯ ವಯಸ್ಸಿಗೆ ಮರಳಿನ ಧೂಳು ಕೂತು ಅವರ ಎರಡೂ ಶ್ವಾಸಕೋಶಗಳು ಕಲ್ಲಿನಂತೆ ಗಟ್ಟಿಯಾಗಿದ್ದವು.

ಬೀದಿಯಲ್ಲಿ ನಡೆಯುವಾಗ ಚರಂಡಿಯ ಕಬ್ಬಿಣದ ಮುಚ್ಚಳ ಕಂಡರೆ ಹಿಮ್ಮಡಿಯಿಂದ ಒಮ್ಮೆ ಕುಟ್ಟಿ, ಅದು ತಮ್ಮ ಕಾರ್ಖಾನೆಯದೋ ಅಲ್ಲವೋ ಎಂದು ಸದ್ದಿನಿಂದಲೇ ತಿಳಿದು, "ನಮ್ದು" ಅಥವಾ "ನಮ್ದಲ್ಲ" ಎಂದು ತೀರ್ಪು ಕೊಡುವುದು ಅವರ ಅಭ್ಯಾಸವಾಗಿತ್ತು. ಅಕ್ಕ ನಾಚಿಕೆಯಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದಳು.

ಅವರ ಒಬ್ಬನೇ ಮಗ ಅದೇ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದಾನೆ. ಅಪ್ಪ ಕಟ್ಟಿದ ಅಚ್ಚಿಗೆ ಮಗ ಕಬ್ಬಿಣ ಕರಗಿಸಿದ ವರ್ಷಗಳೂ ಇದ್ದವು. ಕುಲುಮೆಯ ಮುಂದೆ ನಿಲ್ಲುವವನಿಗೆ ಮೊದಲು ಕಲಿಸುವುದು ಬೆಂಕಿಯ ಬಣ್ಣ ನೋಡುವುದನ್ನು. ಬಣ್ಣ ಮಂಕಾದರೆ ತಡಮಾಡದೆ ಗಾಳಿ ಹೆಚ್ಚಿಸುವುದನ್ನು ಅದರ ಬೆನ್ನಿಗೇ. ಅದನ್ನು ಅವನಿಗೆ ಕಲಿಸಿದವರೂ ಭಾವನೇ.

ಹಿಂದಿನ ವರ್ಷ ಒಮ್ಮೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದಾಗ ಗಂಟಲಿಗೆ ಪೈಪು ಇಳಿಸಿ ಹನ್ನೊಂದು ದಿನ ಯಂತ್ರದ ಮೇಲಿಟ್ಟಿದ್ದರು. ಕಿತ್ತುಕೊಳ್ಳಬಾರದೆಂದು ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಮನೆಗೆ ಬಂದ ಮರುದಿನವೇ ಭಾವ ನನ್ನನ್ನು ಕರೆಸಿದರು. ಎಲ್ಲದಕ್ಕೂ ಹೊತ್ತು ನೋಡುವವನೆಂದು ಅವರು ನನಗಿಟ್ಟಿದ್ದ ಹೆಸರು ಗಡಿಯಾರ.

"ಬರ್ಕೊಳಯ್ಯ ಗಡಿಯಾರ. ಆ ಪೈಪು ಇನ್ನೊಂದ್ಸಲ ಬೇಡ. ಆಗೋದು ಇಲ್ಲೇ ಆಗ್ಲಿ, ಈ ಕುರ್ಚೀಲಿ."

"ಯೋಚನೆ ಮಾಡಿ ಹೇಳಿ ಭಾವ."

"ಹನ್ನೊಂದು ದಿನ ಇನ್ನೇನ್ ಮಾಡ್ತಿದ್ದೆ ಅಂದ್ಕೊಂಡೆ? ಮಾತಾಡೋಕಂತೂ ಆಗ್ತಿರ್ಲಿಲ್ಲ. ನಿಮ್ಮಕ್ಕ ಬಿಟ್ಟೂಬಿಡದೆ ಮಾತಾಡಿದ್ಲು, ನಾನು ಸುಮ್ನೆ ಕೇಳ್ದೆ. ಮದುವೆಯಾಗಿ ಮೊದಲನೇ ಸಲ."

"ನಗಿಸ್ಬೇಡ ಕಣೋ ಇವ್ರನ್ನ, ಕೆಮ್ಮು ಬರುತ್ತೆ," ಎಂದು ಅಕ್ಕ ಒಳಗಿನಿಂದಲೇ ಗದರಿದಳು.

ಗುಣವಾಗದ ಕಾಯಿಲೆಯವರನ್ನು ಮನೆಗೇ ಬಂದು ನೋಡಿಕೊಳ್ಳುವ ಸಂಸ್ಥೆಯೊಂದರ ವೈದ್ಯರ ಎದುರಿಗೆ ನಾನು ಬರೆದುಕೊಂಡ ಆ ಕಾಗದಕ್ಕೆ ಸಹಿಯಾಯಿತು. ಒಂದು ಪ್ರತಿ ಬೀರುವಿನ ಬಾಗಿಲ ಒಳಬದಿಗೆ, ಒಂದು ಸಂಸ್ಥೆಯ ಕಡತಕ್ಕೆ, ಒಂದು ನನಗೆ. ಅಂದಿನಿಂದ ಸಂಸ್ಥೆಯ ದಾದಿ ವಾರಕ್ಕೆ ಎರಡು ಬಾರಿ ಬರತೊಡಗಿದರು. ನಾವೆಲ್ಲ ಅವರನ್ನು ಸಿಸ್ಟರ್ ಎನ್ನುತ್ತಿದ್ದೆವು. ಮುಖಕ್ಕೆ ಗಾಳಿ ಬೀಳುವಂತೆ ಫ್ಯಾನು ಎಲ್ಲಿಡಬೇಕು, ಮೇಜಿನ ಮೇಲೆ ದಿಂಬಿಟ್ಟು ಹೇಗೆ ಮುಂದಕ್ಕೆ ಒರಗಬೇಕು ಎಂದು ಅವರು ತೋರಿಸಿದರು. ಉಸಿರಿನ ಸಂಕಟಕ್ಕೆ ನಾಲಿಗೆಯ ಮೇಲೆ ಬಿಡಬೇಕಾದ ಮಾರ್ಫಿನ್ ಹನಿಗಳನ್ನು ಕೊಟ್ಟರು. ಅದು ಕೊನೆಯ ಔಷಧಿಯೆಂದು ಯಾರೋ ಹೇಳಿದ್ದರಿಂದ ಅಕ್ಕನಿಗೆ ಸೀಸೆಯನ್ನು ಮುಟ್ಟಲು ಎಂಟು ದಿನ ಹಿಡಿಯಿತು.

ಸಂಸ್ಥೆಯವರು ಮನೆಗೆ ತಂದಿಟ್ಟ ಆಕ್ಸಿಜನ್ ಯಂತ್ರದ ಮುಂದೆ ಗೆರೆಗಳಿರುವ ಒಂದು ಗಾಜಿನ ನಳಿಗೆ, ಅದರೊಳಗೆ ತೇಲುವ ಚಿಕ್ಕ ಗುಂಡು. ಪಕ್ಕದ ತಿರುಪು ತಿರುಗಿಸಿದರೆ ಗಾಳಿ ಹೆಚ್ಚಾಗಿ ಗುಂಡು ಮೇಲೇರುತ್ತದೆ. "ಗುಂಡು ಎರಡನೇ ಗೆರೆ ಮೇಲೇ ಇರ್ಬೇಕು ಅಮ್ಮ," ಎಂದು ಸಿಸ್ಟರ್ ಹೇಳಿದರು. "ಇವರ ಎದೆಗೆ ಜಾಸ್ತಿ ಆಕ್ಸಿಜನ್ ಆದ್ರೆ ಒಳಗಿನ ಕೆಟ್ಟ ಗಾಳಿ ಹೊರಗೆ ಬರ್ದೆ ಅಲ್ಲೇ ತುಂಬ್ಕೊಳ್ಳುತ್ತೆ. ಮಂಪರು ಬರುತ್ತೆ." ಆ ದಿನ ಮಗ ಕೆಲಸಕ್ಕೆ ಹೋಗಿದ್ದ. ಸದ್ದು ಹೆಚ್ಚೆಂದು ಯಂತ್ರವನ್ನು ಹೊರಗಿನ ಓಣಿಯಂಥ ಜಾಗದಲ್ಲಿಟ್ಟು, ಮೂಗಿಗೆ ಹೋಗುವ ಉದ್ದನೆಯ ಕೊಳವೆಯನ್ನು ಬಾಗಿಲ ಕೆಳಗಿನಿಂದ ಕೋಣೆಗೆ ತಂದಿದ್ದರು. ಕೋಣೆಯಲ್ಲಿ ಕೂತವರಿಗೆ ಗುಂಡು ಕಾಣುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಅಕ್ಕನ ಫೋನು ಬಂತು. "ಇವ್ರು ಏಳ್ತಿಲ್ಲ ಕಣೋ. ಕೂಗಿದ್ರೆ ಹೂಂ ಅಂತಾರೆ, ಮತ್ತೆ ಕಣ್ಣು ಮುಚ್ಕೋತಾರೆ. ಬೇಗ ಬಾ."

ಎರಡು ಬೀದಿಗಳ ಅಂತರ. ಏಳು ನಿಮಿಷದಲ್ಲಿ ತಲುಪಿದೆ. ಭಾವ ಕುರ್ಚಿಯಲ್ಲಿ ಒಂದು ಬದಿಗೆ ವಾಲಿದ್ದರು. ಮುಖ ಕೆಂಪೇರಿತ್ತು, ಹಣೆ ಬೆವೆತಿತ್ತು, ಬೆರಳುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು. ನನ್ನನ್ನು ನೋಡಿ, "ದೂರ ನಿಲ್ಲು... ಬಿಸಿ ಇದೆ" ಎಂದು, ಕುಲುಮೆಯ ಮುಂದೆ ನಿಂತವರಂತೆ ತೊದಲಿ ಮತ್ತೆ ತೂಕಡಿಸಿದರು.

"ಏಳು ಗಂಟೆಗೆ ಹನಿ ಕೊಟ್ಟೆ," ಎಂದಳು ಅಕ್ಕ. "ನನ್ನ ಕೈಯಾರೆ ಕೊಟ್ಟೆ. ಬೇಡ ಬೇಡ ಅಂತ ಬಡ್ಕೊಂಡೆ, ಕೇಳಿದ್ರಾ ನೀವೆಲ್ಲ?"

ಮಗ ಓಣಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. "ಆಂಬುಲೆನ್ಸ್‌ಗೆ ಫೋನ್ ಮಾಡಿದ್ದೀನಿ ಮಾವ."

ನಾನು ಸಿಸ್ಟರ್‌ಗೆ ಫೋನು ಮಾಡಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿದೆ. ಹನಿ ಎಷ್ಟು ಕೊಟ್ಟಿರಿ ಎಂದು ಅವರು ಕೇಳಿದರು. ಎಂದಿನಷ್ಟೇ ಎಂದಳು ಅಕ್ಕ. ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಅಳತೆ ಎಷ್ಟು ತೋರಿಸುತ್ತಿದೆ? ತೊಂಬತ್ತೇಳು.

"ತೊಂಬತ್ತೇಳಾ? ಇವರಿಗೆ ಎಂಬತ್ತೆಂಟರಿಂದ ತೊಂಬತ್ತೆರಡರ ಒಳಗಿರ್ಬೇಕು. ಗುಂಡು ಎಲ್ಲಿದೆ?"

"ಎರಡರಲ್ಲೇ ಇದೆ," ಎಂದ ಮಗ. ತಿರುಗಿ ಸಹ ನೋಡಲಿಲ್ಲ.

ನಾನು ಅವನನ್ನು ದಾಟಿಕೊಂಡು, ಫೋನಿನ ಸಮೇತ ಓಣಿಗೆ ಹೋದೆ. ಗುಂಡು ಐದನೆಯ ಗೆರೆಯ ಮೇಲೆ ನಡುಗುತ್ತಿತ್ತು.

"ಐದು," ಎಂದೆ ಮೆಲ್ಲಗೆ, ಸ್ಪೀಕರಿನ ಸದ್ದು ತಗ್ಗಿಸಿ.

"ಎಷ್ಟು ಹೊತ್ತಿಂದ?"

ಮಗ ನನ್ನ ಹಿಂದೆಯೇ ಬಂದಿದ್ದ. ಅಮ್ಮನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ಆರೂವರೆಯಿಂದ" ಎಂದ.

"ಎರಡಕ್ಕೆ ಇಳಿಸಿ. ಪೂರ್ತಿ ನಿಲ್ಲಿಸ್ಬೇಡಿ. ನೆಟ್ಟಗೆ ಕೂರಿಸಿ, ನಿದ್ದೆಗೆ ಬಿಡ್ಬೇಡಿ, ಮಾತಾಡಿಸ್ತಾನೇ ಇರಿ. ಹನಿ ಸದ್ಯಕ್ಕೆ ಬೇಡ. ನಾನು ಬರೋಕೆ ನಲವತ್ತು ನಿಮಿಷ ಆಗುತ್ತೆ."

"ಎಚ್ಚರ ಆಗ್ತಾರಾ?"

"ಆಗಬಹುದು ಸರ್. ಆಗದೇನೂ ಇರಬಹುದು. ಅವರೇನು ಬರೆಸಿದ್ದಾರೆ ಅನ್ನೋದು ನಿಮಗೆ ಗೊತ್ತಲ್ಲ."

ತಿರುಪನ್ನು ಇಳಿಸಿ ಒಳಗೆ ಬರುವಷ್ಟರಲ್ಲಿ ಆಂಬುಲೆನ್ಸ್ ಬಾಗಿಲಿಗೆ ಬಂದು ನಿಂತಿತು. ಚಾಲಕನೂ ಅವನ ಜೊತೆಗಾರನೂ ಸ್ಟ್ರೆಚರ್ ಇಳಿಸಿದರು. ನಾನು ಬೀರುವಿನ ಬಾಗಿಲಿನಿಂದ ಕಾಗದ ಬಿಡಿಸಿ ತೋರಿಸಿದೆ. ಚಾಲಕ ಪೂರ್ತಿ ಓದಿದ.

"ಕಾಗದ ಸರಿ ಇದೆ ಸರ್. ಆದ್ರೆ ಫೋನ್ ಮಾಡಿದ್ದು ನಿಮ್ಮನೆಯವರೇ. ಕರ್ಕೊಂಡು ಹೋಗ್ಬೇಕಾ, ಬೇಡ್ವಾ, ಒಂದು ಮಾತು ಹೇಳಿ. ಆಮೇಲೆ ನಮ್ಮನ್ನ ಕೇಳ್ಬಾರ್ದು."

"ಕರ್ಕೊಂಡು ಹೋಗ್ಲಿ," ಎಂದಳು ಅಕ್ಕ. ಮರುಕ್ಷಣವೇ, "ಅಯ್ಯೋ, ಕೈ ಕಟ್ಟಿ ಹಾಕ್ತಾರೆ ಕಣೋ" ಎಂದಳು.

"ಅದನ್ನೆಲ್ಲ ನೋಡೋ ಹೊತ್ತಾ ಇದು?" ಮಗ ನನ್ನ ಕಡೆ ತಿರುಗಿದ. "ಕಾಗದ ಹಿಡ್ಕೊಂಡು ನಮ್ಮಪ್ಪನ್ನ ಸಾಯಿಸ್ತೀರಾ ಮಾವ?"

"ಬರೆಸಿದ್ದು ನಿಮ್ಮಪ್ಪ," ಎಂದೆ. ಐದನೆಯ ಗೆರೆಯ ಮಾತನ್ನು ಅಕ್ಕನ ಎದುರಿಗೆ ಎತ್ತಲಿಲ್ಲ. ಚಾಲಕನನ್ನು ಸಿಸ್ಟರ್ ಬರುವವರೆಗೆ ಕಾಯುವಿರಾ ಎಂದು ಕೇಳಿದೆ. ಅವನು ಕೈಗಡಿಯಾರ ನೋಡಿ, "ಹದಿನೈದು ನಿಮಿಷ. ಅದಕ್ಕಿಂತ ಆಗಲ್ಲ" ಎಂದ. ಹನ್ನೊಂದು ಗಂಟೆ ನಾಲ್ಕು ನಿಮಿಷವಾಗಿತ್ತು.

ಅಕ್ಕ ಒಂದು ಭುಜ, ನಾನು ಒಂದು ಭುಜ ಹಿಡಿದು ಭಾವನನ್ನು ನೆಟ್ಟಗೆ ಕೂರಿಸಿದೆವು. ತಲೆ ಮತ್ತೆ ಮತ್ತೆ ಎದೆಯ ಮೇಲೆ ಬೀಳುತ್ತಿತ್ತು. ಬೆರಳಿನ ಅಳತೆ ತೊಂಬತ್ತೈದಕ್ಕೆ ಬಂತು, ತೊಂಬತ್ತಮೂರಕ್ಕೆ ಬಂತು.

"ಇಳೀತಿದೆ ಮಾವ!" ಎಂದು ಮಗ ಓಣಿಯ ಕಡೆ ನುಗ್ಗಿದ. ನಾನು ಎದ್ದು ಬಾಗಿಲಲ್ಲಿ ಅಡ್ಡ ನಿಂತೆ. ಅವನು ನನಗಿಂತ ಒಂದು ಗೇಣು ಎತ್ತರ. ಇಪ್ಪತ್ತು ಕಿಲೋ ಕಬ್ಬಿಣವನ್ನು ಒಂದೇ ಕೈಯಲ್ಲಿ ಎತ್ತುವವನು. ಅವನ ಉಸಿರು ನನ್ನ ಮುಖಕ್ಕೆ ತಾಕುತ್ತಿತ್ತು.

"ಇಳೀಲಿ ಬಿಡು. ಇಳೀಬೇಕು."

"ನಿಮಗೆ ಗ್ಯಾರಂಟಿ ಇದೆಯಾ?"

ಇರಲಿಲ್ಲ. ಫೋನಿನಲ್ಲಿ ಕೇಳಿದ ಎರಡು ವಾಕ್ಯಗಳನ್ನು ಬಿಟ್ಟರೆ ನನ್ನ ಬಳಿ ಬೇರೇನೂ ಇರಲಿಲ್ಲ. "ಹೋಗಿ ನಿಮ್ಮಪ್ಪನ ಕೈ ಹಿಡ್ಕೋ," ಎಂದೆ. ಅವನು ಹೋಗಲಿಲ್ಲ, ಆದರೆ ನನ್ನನ್ನು ತಳ್ಳಲೂ ಇಲ್ಲ.

ಅಳತೆ ತೊಂಬತ್ತೊಂದರಲ್ಲಿ ನಿಂತಿತು. ಹನ್ನೊಂದೂಕಾಲು. ಚಾಲಕ ಹೊರಗೆ ಗಂಟಲು ಸರಿಮಾಡಿಕೊಂಡ. ಬಾಗಿಲಲ್ಲಿ ನಿಂತಲ್ಲಿಂದಲೇ, ಬೇರೇನೂ ಹೊಳೆಯದೆ, ನಾನು ಜೋರಾಗಿ ಕೂಗಿದೆ: "ಭಾವ! ನಮ್ಮ ಬೀದಿ ತಿರುವಿನಲ್ಲಿ ನಿಮ್ಮ ಕಾರ್ಖಾನೆ ಮುಚ್ಚಳ ಎರಡು ಹೋಳಾಗಿದೆ. ಕಳಪೆ ಮಾಲು ಅಂತ ಊರೆಲ್ಲ ಬೈತಿದ್ದಾರೆ!"

ಯಾವ ಬದಲಾವಣೆಯೂ ಇಲ್ಲ. ಅಕ್ಕ ನನ್ನನ್ನು ಹುಚ್ಚನೆಂಬಂತೆ ನೋಡಿದಳು. ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದೆ. ಭಾವನ ಹುಬ್ಬು ಗಂಟಿಕ್ಕಿತು. ಒಂದು ಕಣ್ಣು ತೆರೆಯಿತು.

"ಯಾವ... ತಿರುವು?"

"ಔಷಧಿ ಅಂಗಡಿ ಹತ್ರ."

ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು. "ಅದು... ನಮ್ದಲ್ಲ."

ಚಾಲಕ ಮುಖ ತಿರುಗಿಸಿಕೊಂಡು ನಕ್ಕದ್ದು ನನಗೆ ಕಾಣಿಸಿತು. "ಯಜಮಾನ್ರೇ, ಆಸ್ಪತ್ರೆಗೆ ಹೋಗೋಣ್ವಾ?" ಎಂದು ಹತ್ತಿರ ಬಂದು ಕೇಳಿದ. ಭಾವ ಕೈ ಎತ್ತಿ ಅಡ್ಡಡ್ಡ ಆಡಿಸಿದರು. ಮತ್ತೆ ಕೇಳಿದಾಗ ಮತ್ತೆ ಆಡಿಸಿದರು. ಸ್ಟ್ರೆಚರ್ ಖಾಲಿಯಾಗಿ ವಾಪಸಾಯಿತು.

ಸಿಸ್ಟರ್ ಬಂದದ್ದು ಹನ್ನೊಂದು ನಲವತ್ತೆಂಟಕ್ಕೆ. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಭಾವ ಎಲ್ಲರನ್ನೂ ಗುರುತಿಸಿ, ತಲೆನೋವೆಂದು ದೂರಿ, ಮಗ ಇನ್ನೂ ಕೆಲಸಕ್ಕೆ ಹೊರಟಿಲ್ಲವೇಕೆಂದು ಕೇಳಿದರು. ಆದರೆ ಎಚ್ಚರದ ಜೊತೆಗೆ ಸಂಕಟವೂ ಮರಳಿತು. ಮೂರು ಗಂಟೆಗೆ ಅವರು ಮೇಜಿನ ಮೇಲೆ ಬಾಗಿ, ಕುತ್ತಿಗೆಯ ನರಗಳು ಬಿಗಿದು, ನಿಮಿಷಕ್ಕೆ ಮೂವತ್ತೆಂಟು ಬಾರಿ ಉಸಿರೆಳೆಯುತ್ತಿದ್ದರು. ಸಿಸ್ಟರ್ ವೈದ್ಯರೊಡನೆ ಫೋನಿನಲ್ಲಿ ಮಾತನಾಡಿ, ಎಂದಿನದರ ಅರ್ಧದಷ್ಟು ಹನಿ ಅಳೆದರು.

ಅಕ್ಕ ಸಿಸ್ಟರ್ ಕೈ ಹಿಡಿದುಕೊಂಡಳು. "ಬೇಡ. ನಾನೂ ಕೊಡಲ್ಲ, ನೀವೂ ಕೊಡ್ಬೇಡಿ. ಬೆಳಿಗ್ಗೆ ಇವ್ರನ್ನ ಹಂಗೆ ಮಾಡಿದ್ದು ಅದೇ."

"ಅದಲ್ಲ ಅಮ್ಮ. ಆಕ್ಸಿಜನ್ ಜಾಸ್ತಿ ಆಗಿತ್ತು."

"ಎರಡರಲ್ಲೇ ಇತ್ತಲ್ಲ. ಇವನೇ ಹೇಳಿದ್ನಲ್ಲ. ನನ್ನ ಮಗ ಸುಳ್ಳು ಹೇಳ್ತಾನಾ?"

ಸಿಸ್ಟರ್ ನನ್ನನ್ನು ನೋಡಿದರು. ನಾನು ಮಗನನ್ನು ನೋಡಿದೆ. ನಾನೇ ಹೇಳಿದರೆ ಅಕ್ಕ ನಂಬುತ್ತಿರಲಿಲ್ಲ. ಮಗನ ಮೇಲೆ ಹಾಕುತ್ತಿದ್ದೀಯೆಂದು ನನ್ನನ್ನೇ ದೂರುತ್ತಿದ್ದಳು. ಅವಳು ನಂಬದಿದ್ದರೆ ಇನ್ನುಳಿದ ದಿನಗಳನ್ನು ಭಾವ ಆ ಹನಿಯಿಲ್ಲದೆ, ಹೀಗೆಯೇ ಮೇಜು ಹಿಡಿದುಕೊಂಡು ಕಳೆಯಬೇಕಾಗಿತ್ತು.

"ಅಮ್ಮ," ಎಂದ ಮಗ. "ಐದಕ್ಕೆ ಏರಿಸಿದ್ದು ನಾನು. ಬೆಳಿಗ್ಗೆ ತುಟಿ ನೀಲಿಯಾಗಿತ್ತು. ಬೆಂಕಿ ಮಂಕಾದ್ರೆ ಏನ್ ಮಾಡ್ತೀವೋ ಅದನ್ನೇ ಮಾಡ್ದೆ. ಗಾಳಿ ಕೊಟ್ಟೆ. ಆಮೇಲೆ ಹೇಳೋಕೆ ಹೆದರಿಕೆ ಆಯ್ತು."

ಅಕ್ಕನ ಕೈ ಸಿಸ್ಟರ್ ಕೈಯಿಂದ ಜಾರಿತು. ಅವಳು ಹೊಡೆಯುವಳೆಂದು ನಾನು ಎಣಿಸಿದ್ದೆ. "ಬೆಳಿಗ್ಗೆಯಿಂದ," ಎಂದಳು, "ಬೆಳಿಗ್ಗೆಯಿಂದ ನಾನೇ ಕೊಂದೆ ಅಂತ ಕೂತಿದ್ನಲ್ಲೋ."

ಮೇಜಿನ ಮೇಲಿನಿಂದ ಭಾವ ತಲೆ ಎತ್ತಿದರು. ಒಂದೊಂದು ಪದಕ್ಕೂ ಒಂದೊಂದು ಉಸಿರು. "ಅಪ್ಪನ್ನೇ... ಕರಗ್ಸೋಕೆ... ಹೊರಟಿದ್ದ. ಕಲ್ಸಿದ್ದು... ನಾನೇ. ಬೈಬೇಡ."

ಮಗ ಅಳಲಿಲ್ಲ. ಗೋಡೆಗೆ ಒರಗಿ ಕೆಳಗೆ ಕುಳಿತ.

"ಎದ್ದೇಳು," ಎಂದಳು ಅಕ್ಕ. "ಹನಿ ತಗೋ. ನೀನೇ ಕೊಡು."

ಸಿಸ್ಟರ್ ಅಳೆದಿಟ್ಟದ್ದನ್ನು ಅವನು ಎರಡು ಬೆರಳಲ್ಲಿ ಹಿಡಿದು, ಅಪ್ಪನ ನಾಲಿಗೆಯ ಮೇಲೆ ನಿಧಾನವಾಗಿ ಬಿಟ್ಟ. ಮೂರೂವರೆಗೆ ಉಸಿರು ಮೂವತ್ತೆರಡಕ್ಕೆ ಇಳಿಯಿತು, ನಾಲ್ಕಕ್ಕೆ ಇಪ್ಪತ್ತಾರಕ್ಕೆ. ಭಾವ ಮೇಜು ಬಿಟ್ಟು ಕುರ್ಚಿಗೆ ಒರಗಿದರು.

ಅದಾದ ಮೇಲೆ ಅವರು ಹತ್ತೊಂಬತ್ತು ದಿನ ಬದುಕಿದ್ದರು. ಹನಿಗಳನ್ನು ಬೆಳಿಗ್ಗೆ ಅಕ್ಕ, ಮಧ್ಯಾಹ್ನ ಮಗ ಕೊಡುತ್ತಿದ್ದರು. ಮಗ ರಜೆ ಹಾಕಿದ್ದ. ಕೊನೆಯ ದಿನ, ಸೋಮವಾರ ಮಧ್ಯಾಹ್ನ, ತುಟಿಯ ನೀಲಿ ಉಗುರಿಗೂ ಇಳಿಯಿತು, ಉಸಿರುಗಳ ನಡುವೆ ಬಿಡುವು ಬೆಳೆಯತೊಡಗಿತು. ಮಗ ಎದ್ದು ಓಣಿಯ ಬಾಗಿಲವರೆಗೆ ಹೋದ. ಅಲ್ಲಿ ಸ್ವಲ್ಪ ಹೊತ್ತು ನಿಂತ. ಅಕ್ಕ ಅವನನ್ನು ಕರೆಯಲಿಲ್ಲ, ನಾನೂ ಏಳಲಿಲ್ಲ. ಅವನು ತಿರುಪನ್ನು ಮುಟ್ಟದೆ ಹಿಂದಿರುಗಿ ಬಂದು, ಸ್ಟೂಲನ್ನು ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು, ಅಪ್ಪನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಉಸಿರು ನಿಲ್ಲುವವರೆಗೆ ಅವನು ಅಲ್ಲಿಂದ ಕದಲಲಿಲ್ಲ.