ಬ್ರೇಕಕ್ಕ ಆರಿಸಿಕೊಂಡ ಅಳತೆ

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಬ್ರೇಕಕ್ಕ ಡ್ರೈವಿಂಗ್ ಶಾಲೆಯ ಬಯಲಿನಲ್ಲಿ ಕಾರನ್ನು ಹಿಂದಕ್ಕೆ ತೆಗೆದು ಎರಡು ಡ್ರಮ್ಮುಗಳ ನಡುವೆ ನಿಲ್ಲಿಸುತ್ತಿದ್ದಳು. ಆಸ್ಪತ್ರೆಯಿಂದ ಒಂದು ದಿನದ ಮಟ್ಟಿಗೆ ಕಡ ತಂದ ಎರಡು ಸಿಲಿಕೋನ್ ಉಂಡೆಗಳು ಅವಳ ಬ್ರಾ ಒಳಗಿದ್ದವು. ಪಕ್ಕದ ಸೀಟಿನಲ್ಲಿದ್ದ ನಿವೃತ್ತ ಹೆಡ್‌ಮಾಸ್ತರರಿಗೆ ಇದು ಗೊತ್ತಿರಲಿಲ್ಲ. ಎಂದಿನ ಪಾಠವೇ ನಡೆದಿದೆ ಎಂದುಕೊಂಡು ಅವರು ಸ್ಟೇರಿಂಗನ್ನೇ ನೋಡುತ್ತಿದ್ದರು.

“ಇದೇನಮ್ಮ, ಮೂರು ಸಲವೂ ನೀವೇ ನಿಲ್ಲಿಸಿದ್ರಿ. ನನ್ನ ಸರದಿ ಯಾವಾಗ?”

“ಸುಮ್ನೆ ನೋಡ್ತಿರಿ ಮೇಷ್ಟ್ರೆ. ನೋಡಿ ಕಲಿಯೋದೂ ಕಲಿಯೋದೇ ಅಂತ ಎಷ್ಟು ಮಕ್ಕಳಿಗೆ ಹೇಳಿದ್ರೋ ನೀವು.”

ಅವಳು ಡ್ರೈವಿಂಗ್ ಕಲಿಸಲು ಶುರುಮಾಡಿ ಹದಿನೇಳು ವರ್ಷವಾಗಿತ್ತು. ಕಲಿಯುವವರ ಕಾಲು ತಡವರಿಸುವ ಮೊದಲೇ ತನ್ನ ಕಡೆಯ ಬ್ರೇಕನ್ನು ತುಳಿಯುತ್ತಿದ್ದುದರಿಂದ ಆ ಹೆಸರು ಬಂದಿತ್ತು. ನಾಲಿಗೆಗೆ ಮಾತ್ರ ಬ್ರೇಕ್ ಇಲ್ಲ ಎಂದು ಅವಳಿಂದ ಕಲಿತವರೆಲ್ಲ ಹೇಳುತ್ತಿದ್ದರು.

ಎರಡು ಮಕ್ಕಳಿಗೆ ಹಾಲೂಡಿಸಿದ್ದಳು. ಆಮೇಲೆ ಸಕ್ಕರೆ ಕಾಯಿಲೆಯ ಭಯಕ್ಕೆ ಹದಿನಾರು ಕಿಲೋ ಇಳಿಸಿದ್ದಳು. ಎದೆ ಮಾತ್ರ ಸಾಮಾನು ತೆಗೆದ ಚೀಲದಂತಾಗಿತ್ತು. ಅದನ್ನು ಮೊದಲಿನಷ್ಟು ತುಂಬಿಸಿಕೊಳ್ಳಬೇಕು, ಕತ್ತು ನೋವಿಲ್ಲದೆ ದಿನಕ್ಕೆ ಎಂಟು ಗಂಟೆ ಕಾರಿನಲ್ಲಿ ಕೂರುವಂತೆಯೂ ಇರಬೇಕು. ಅವಳಿಗೆ ಬೇಕಾದದ್ದು ಇಷ್ಟೇ. ಆದರೆ ಅವಳ ಎದೆ ಎಷ್ಟಿರಬೇಕು ಎಂಬ ವಿಷಯದಲ್ಲಿ ಅವಳನ್ನು ಬಿಟ್ಟು ಉಳಿದವರಿಗೆಲ್ಲ ಖಚಿತ ಅಭಿಪ್ರಾಯವಿತ್ತು.

“ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಅತ್ತಿಗೆ?” ಎಂದು ನಾದಿನಿ ಕೇಳಿದಳು.

“ನೀನು ತಲೆಗೆ ಬಣ್ಣ ಹಚ್ತೀಯಲ್ಲ, ಯಾರಿಗೆ ತೋರಿಸ್ತೀಯ? ಅವರಿಗೇ.”

ಹಿಂದಿನ ದಿನ ಆಸ್ಪತ್ರೆಗೆ ಗಂಡನೂ ಬಂದಿದ್ದ. ತನ್ನ ಅಂಗಿಯ ಅಳತೆಯನ್ನು ಅಂಗಡಿಯಲ್ಲಿ ಹೆಂಡತಿಯನ್ನು ಕೇಳಿ ಹೇಳುವವನು ಇಲ್ಲಿ ಮುಂದಿನ ಕುರ್ಚಿಯನ್ನೇ ಹಿಡಿದ. ಎದುರಿಗೆ ಕುಳಿತ ಸಲಹೆಗಾರ್ತಿ ಬಿಳಿ ಕೋಟು ಹಾಕಿದ್ದಳು. ಅವಳು ವೈದ್ಯೆಯಲ್ಲ, ನರ್ಸೂ ಅಲ್ಲ, ಮೊದಲು ಮೊಬೈಲ್ ಅಂಗಡಿಯಲ್ಲಿದ್ದವಳು. ಅಲ್ಲಿಂದ ಬರುವಾಗ ಒಂದು ಮಾತನ್ನು ಭದ್ರವಾಗಿ ಕಟ್ಟಿಕೊಂಡು ಬಂದಿದ್ದಳು.

“ಒಂದು ಸೈಜ್ ಮೇಲಿನದು ತಗೊಂಡುಬಿಡಿ ಮೇಡಂ. ಚಿಕ್ಕದು ಹಾಕಿಸಿಕೊಂಡವರೆಲ್ಲ ಆಮೇಲೆ ಬೇಜಾರು ಮಾಡ್ಕೋತಾರೆ.”

ಎದೆಯೊಳಗೆ ಇಡುವ ಇಂಪ್ಲಾಂಟುಗಳ ಗಾತ್ರವನ್ನು ಸಿ.ಸಿ.ಯಲ್ಲಿ ಹೇಳುತ್ತಾರೆ ಎಂದು ತಿಳಿದದ್ದೇ ಗಂಡನ ಮುಖ ಅರಳಿತು. ಜಗತ್ತಿನಲ್ಲಿ ಅವನು ಬಲ್ಲ ಸಿ.ಸಿ. ಒಂದೇ, ಬೈಕಿನ ಎಂಜಿನ್ನಿನದು. ಅಲ್ಲಿ ಹೆಚ್ಚಿದಷ್ಟೂ ಮೇಲು.

“ಮುನ್ನೂರೈವತ್ತರದ್ದು ಇದ್ಯಾ?” ಎಂದ.

“ಬೈಕ್ ಮೇಲೆ ನೀವು ಕೂತ್ಕೋತೀರಿ. ಇದು ನನ್ನ ಮೇಲೆ ಕೂತ್ಕೊಳ್ಳುತ್ತೆ. ಸುಮ್ನಿರ್ರಿ,” ಎಂದಳು ಬ್ರೇಕಕ್ಕ.

ಶಸ್ತ್ರಚಿಕಿತ್ಸಕಿ ಐವತ್ತು ದಾಟಿದವರು, ಮಿತಭಾಷಿ. ಗಂಡನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಬ್ರೇಕಕ್ಕನನ್ನು ನೆಟ್ಟಗೆ ನಿಲ್ಲಿಸಿ ಕ್ಯಾಲಿಪರ್ ಹಿಡಿದು ಎದೆಯ ಬುಡದ ಅಗಲ ಅಳೆದರು. ಹನ್ನೆರಡು ಸೆಂಟಿಮೀಟರ್. ಮೇಲುಭಾಗದ ಚರ್ಮವನ್ನು ಚಿವುಟಿ ಅದರ ದಪ್ಪವನ್ನೂ ಅಳೆದರು.

“ಜೋತುಬಿದ್ದಿರೋದು ಹೆಚ್ಚೇನಿಲ್ಲ, ಎತ್ತಿ ಹೊಲಿಯೋ ಅಗತ್ಯ ಬರಲ್ಲ. ಚರ್ಮ ಮಾತ್ರ ತೆಳ್ಳಗಿದೆ. ಸ್ನಾಯುವಿನ ಕೆಳಗೆ ಇಡ್ತೀನಿ, ಇಲ್ಲಾಂದ್ರೆ ಅಂಚು ಕಾಣುತ್ತೆ.”

“ಆ ಬಿಳಿ ಕೋಟಿನವಳು ಹೇಳಿದ ಹಾಗೆ ದೊಡ್ಡದು ಹಾಕಿದ್ರೆ?”

“ಬುಡದ ಅಗಲ ಮೀರಿದ್ರೆ ಕಂಕುಳಿಗೆ ಒತ್ತುತ್ತೆ. ಅಗಲ ಅಷ್ಟೇ ಇಟ್ಟು ಎತ್ತರ ಹೆಚ್ಚಿಸಿದ್ರೆ ಚೆಂಡು ಅಂಟಿಸಿದ ಹಾಗೆ ಕಾಣುತ್ತೆ. ಭಾರಕ್ಕೆ ಚರ್ಮ ಇನ್ನೂ ತೆಳ್ಳಗಾಗಿ ಕೆಳಗೆ ಜಾರುತ್ತೆ. ಇನ್ನೊಂದು ವಿಷಯ. ಇದು ಜೀವಮಾನಕ್ಕೆ ಒಂದೇ ಸಲ ಅಂದ್ಕೋಬೇಡಿ. ಮುಂದೆ ಯಾವತ್ತಾದ್ರೂ ಬದಲಾಯಿಸಬೇಕಾಗಬಹುದು.”

“ಹಾಗಾದ್ರೆ ಎಷ್ಟು ಹಾಕಿಸ್ಕೊಳ್ಳಲಿ?”

“ಇನ್ನೂರಕ್ಕೆ ಕಡಿಮೆ ಬೇಡ, ಇನ್ನೂರ ಎಪ್ಪತ್ತೈದು ದಾಟೋದು ಬೇಡ. ಅದರೊಳಗೆ ಎಷ್ಟು ಅಂತ ನೀವು ಹೇಳ್ಬೇಕು.”

ಅಳತೆಯ ಸಿಲಿಕೋನ್ ಉಂಡೆಗಳನ್ನು ಬ್ರಾ ಒಳಗೆ ಹಾಕಿಕೊಂಡು ನೋಡುವುದಕ್ಕೆ ಅಲ್ಲೊಂದು ಆಳೆತ್ತರದ ಕನ್ನಡಿಯಿತ್ತು. ಬಂದವರೆಲ್ಲ ಅದರ ಮುಂದೆ ನಿಂತು, ಹೊಟ್ಟೆ ಒಳಗೆಳೆದು, ಉಸಿರು ಬಿಗಿಹಿಡಿದು, ಬದುಕಿನಲ್ಲಿ ಮತ್ತೆಂದೂ ನಿಲ್ಲದ ಭಂಗಿಯಲ್ಲಿ ನಿಂತು ಅಳತೆ ಆರಿಸುತ್ತಿದ್ದರು. ಬ್ರೇಕಕ್ಕ ಅತ್ತ ತಿರುಗಿಯೂ ನೋಡಲಿಲ್ಲ.

“ಷೋರೂಮಲ್ಲಿ ನಿಂತಿರೋ ಕಾರನ್ನ ನಾನು ಕೊಂಡವಳಲ್ಲ ಡಾಕ್ಟ್ರೆ. ಓಡಿಸಿ ನೋಡ್ಬೇಕು.”

ವೈದ್ಯೆ ನಕ್ಕು ಆ ಮಿತಿಯೊಳಗಿನ ಮೂರು ಜೊತೆ ಕೊಡಲು ಹೇಳಿದರು. ಕೇಳದಿದ್ದರೂ ಸಲಹೆಗಾರ್ತಿ ಮುನ್ನೂರ ಇಪ್ಪತ್ತೈದರ ಇನ್ನೊಂದು ಜೊತೆಯನ್ನು ಚೀಲಕ್ಕೆ ಸೇರಿಸಿದಳು. “ಇರಲಿ ಮೇಡಂ, ಮನಸ್ಸು ಬದಲಾಗಬಹುದು.”

ಡ್ರಮ್ಮುಗಳ ನಡುವೆ ನಡೆದಿದ್ದ ಪರೀಕ್ಷೆ ಇದೇ. ಬ್ರೇಕಕ್ಕ ನ್ಯಾಯವಂತೆ, ಸಲಹೆಗಾರ್ತಿಯ ಜೊತೆಯನ್ನೇ ಮೊದಲು ಹಾಕಿಕೊಂಡಳು. ಸೀಟ್ ಬೆಲ್ಟು ಜಾರಿ ಕತ್ತಿಗೆ ಬಂತು. ಸ್ಟೇರಿಂಗನ್ನು ಪೂರ್ತಿ ತಿರುಗಿಸುವಾಗ ಪ್ರತಿ ಸಲವೂ ತೋಳು ಎದೆಗೆ ಉಜ್ಜಿತು. ಹಿಂದಕ್ಕೆ ತಿರುಗಿ ನೋಡಲು ಹೋದರೆ, ಇವಳಿಗಿಂತ ಮೊದಲೇ ಯಾರೋ ಅತ್ತ ತಿರುಗಿದಂತಾಯಿತು. ಸ್ನಾಯುವಿನ ಕೆಳಗೆ ಹೋದ ಮೇಲೆ ಅದೇ ಗಾತ್ರ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ ಎಂದು ವೈದ್ಯೆ ಹೇಳಿದ್ದನ್ನು ಲೆಕ್ಕಕ್ಕೆ ಹಿಡಿದರೂ ಭಾರವೇನೂ ಕಡಿಮೆಯಾಗುವುದಿಲ್ಲವಲ್ಲ. ಕಚೇರಿಯ ಶೌಚಾಲಯಕ್ಕೆ ಹೋಗಿ ಜೊತೆ ಬದಲಾಯಿಸಿ ಬಂದಳು. ಎಲ್ಲಕ್ಕಿಂತ ಚಿಕ್ಕದು ಇದೆಯೋ ಇಲ್ಲವೋ ಎನ್ನುವಂತಿತ್ತು. ಅದರ ಮೇಲಿನದು ಸೀಟ್ ಬೆಲ್ಟಿಗೆ ಅಡ್ಡ ಬರಲಿಲ್ಲ. ಅದಕ್ಕೂ ಮೇಲಿನದು ಕನ್ನಡಿಯಲ್ಲಿ ಚೆನ್ನಾಗಿತ್ತು, ಆದರೆ ತಿರುವಿನಲ್ಲಿ ನೆನಪಾಗುತ್ತಲೇ ಇತ್ತು. ಮತ್ತೆ ಆ ನಡುವಿನದನ್ನೇ ಹಾಕಿಕೊಂಡು ಬಂದಳು.

“ಹೊಟ್ಟೆ ಸರಿಯಿಲ್ವೇನಮ್ಮ?” ಎಂದು ಮೇಷ್ಟರು ಮರುಕದಿಂದ ಕೇಳಿದರು. “ಆಗಿಂದ ಹೋಗಿ ಬರ್ತಿದ್ದೀರಿ.”

“ಹೊಟ್ಟೆ ನೆಟ್ಟಗಿದೆ. ಬನ್ನಿ ಈ ಕಡೆ, ಈಗ ನೀವು ಓಡಿಸಿ.”

ಮೇಷ್ಟರು ಓಡಿಸಿದರು. ಡ್ರಮ್ಮಿನ ಕಡೆಗೇ ಓಡಿಸಿದರು. ಬ್ರೇಕಕ್ಕ ಒಂದು ಕೈಯಲ್ಲಿ ಸ್ಟೇರಿಂಗ್ ಎಳೆದು, ಬ್ರೇಕ್ ತುಳಿದು, ಕ್ಲಚ್ಚಿನ ಬಗ್ಗೆ ಅವರಿಗೆ ನಲವತ್ತು ನಿಮಿಷ ಬುದ್ಧಿ ಹೇಳಿದಳು. ಇಳಿದು ಕಾರಿಗೆ ಬೀಗ ಹಾಕುವಾಗಲೇ ನೆನಪಾದದ್ದು, ಬ್ರಾ ಒಳಗೆ ಏನೋ ಇಟ್ಟುಕೊಂಡಿದ್ದೇನೆ ಎಂದು. ಅಲ್ಲಿಗೆ ತೀರ್ಮಾನವಾಯಿತು.

ಮರುದಿನ ಉಂಡೆಗಳನ್ನು ಹಿಂತಿರುಗಿಸುವಾಗ ಅದೊಂದು ಜೊತೆಯನ್ನು ಮಾತ್ರ ಬೇರೆಯಾಗಿ ವೈದ್ಯೆಯ ಕೈಗಿಟ್ಟು “ಇದೇ” ಎಂದಳು. ಮನೆಯಲ್ಲಿ ಅಂಕಿ ಹೇಳಲಿಲ್ಲ. ಗಂಡ ಮೂರು ದಿನ ಕೇಳಿದ, ಆಮೇಲೆ ಕೇಳುವುದನ್ನು ಬಿಟ್ಟ. ಬಿಟ್ಟಾಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ವೈದ್ಯೆ ಅವಳನ್ನು ನಿಲ್ಲಿಸಿಕೊಂಡು ಎದೆಯ ಮೇಲೆ ಪೆನ್ನಿನಿಂದ ಗೆರೆ ಎಳೆದರು. ಅವಳು ಗೌನಿನ ದಾರ ಕಟ್ಟಿಕೊಳ್ಳುತ್ತಿದ್ದಾಗ ಸಲಹೆಗಾರ್ತಿ ಬಾಗಿಲು ತಳ್ಳಿಕೊಂಡು ಬಂದಳು.

“ಮುನ್ನೂರ ಇಪ್ಪತ್ತೈದರದ್ದು ಆಪರೇಷನ್ ಥಿಯೇಟರಲ್ಲಿ ಇಡಿಸಿದೀನಿ ಡಾಕ್ಟರ್. ಸರ್ ಫೋನ್ ಮಾಡಿದ್ರು. ಮೇಡಂಗೆ ಸರ್‌ಪ್ರೈಸ್ ಅಂತೆ.”

ವೈದ್ಯೆ ಪೆನ್ನಿಗೆ ಮುಚ್ಚಳ ಹಾಕಿದರು. “ಇವತ್ತು ಸರ್‌ನ ಮಲಗಿಸ್ತಿದ್ದೀವಾ?”

“ಅಲ್ಲ, ಆದ್ರೆ ಅವರು…”

ತೆರೆದ ಬಾಗಿಲಲ್ಲಿ ಗಂಡ ಇಣುಕಿದ. “ಅಲ್ಲ ಕಣೆ, ನಿನಗೇ ಒಳ್ಳೇದಾಗ್ಲಿ ಅಂತ…”

ಬ್ರೇಕಕ್ಕ ಗೌನಿನ ದಾರವನ್ನು ಬಿಗಿದು ಗಂಟು ಹಾಕಿದಳು. ಪ್ರಜ್ಞೆ ತಪ್ಪಿ ಮಲಗಿದ ಮೇಲೆ ಬಾಯಿ ತೆರೆಯಲಾಗುವುದಿಲ್ಲ. ಎದ್ದಾಗ, ಬೇರೆಯವರು ಆರಿಸಿದ್ದು ತನ್ನ ಚರ್ಮದ ಒಳಗೆ ಹೊಲಿದಿರುತ್ತದೆ.

“ರೀ, ಕಾರು ಬಿಸಿಲಲ್ಲಿದೆ. ಹೋಗಿ ನೆರಳಿಗೆ ಹಾಕಿ,” ಎಂದಳು.

ಅವನು ಹೋದ. ಅದನ್ನಾದರೂ ಅವನು ಸರಿಯಾಗಿ ಮಾಡುತ್ತಾನೆ.

“ನನಗೆ ಗೊತ್ತು,” ಎಂದರು ವೈದ್ಯೆ. “ಆದರೂ ಇಲ್ಲಿರೋರೆಲ್ಲ ಕೇಳೋ ಹಾಗೆ ನಿಮ್ಮ ಬಾಯಲ್ಲೇ ಹೇಳಿ. ಎಷ್ಟು?”

ಬ್ರೇಕಕ್ಕ ಸಲಹೆಗಾರ್ತಿಯ ಕಡೆ ತಿರುಗಿ, ಬಯಲಿನ ಆಚೆ ತುದಿಯಲ್ಲಿ ಕಾರು ಓಡಿಸುವವರಿಗೆ ಕೂಗಿ ಹೇಳುವ ದನಿಯಲ್ಲಿ ಹೇಳಿದಳು: “ಇನ್ನೂರ ನಲವತ್ತು.”